ಬ್ರೋಕರ್ ಮೂಲಕ ಮನೆ ಕೊಳ್ಳುವುದು ಹೇಗೆ? ಎಡವುವುದೆಲ್ಲ ಟೋಕನ್ ದಿನವೇ

‘ಸಂಜೆ ಇನ್ನೊಂದು ಪಾರ್ಟಿ ಬರ್ತಿದೆ ಸರ್, ಈಗ್ಲೇ ಏನಾದ್ರೂ ಕೊಟ್ಟು ಹಿಡ್ಕೊಂಬಿಡಿ.’

ಈ ಒಂದು ಮಾತಿಗೆ ನನ್ನ ಭಾವ ಎರಡು ಲಕ್ಷ ಕಳೆದುಕೊಂಡರು. ಮೈಸೂರಿನ ಬೋಗಾದಿ ಕಡೆ ಒಂದು 30x40 ಸೈಟಿನ ಮನೆ. ಮನೆ ಚೆನ್ನಾಗಿತ್ತು, ಅದರಲ್ಲಿ ಎರಡು ಮಾತಿಲ್ಲ. ಟೋಕನ್ ದುಡ್ಡನ್ನು, ಅಂದರೆ ಕರಾರಿಗೆ ಮೊದಲೇ ಮನೆ ಹಿಡಿದಿಡಲು ಕೊಡುವ ದುಡ್ಡನ್ನು, ನಗದಾಗಿ ಬ್ರೋಕರ್ ಕೈಗೆ ಕೊಟ್ಟರು, ರಸೀದಿ ಕೇಳಲಿಲ್ಲ. ಮೂರು ವಾರ ಕಳೆದ ಮೇಲೆ ಮಾಲೀಕರ ತಂಗಿ ತಕರಾರು ತೆಗೆದರು, ವ್ಯಾಪಾರ ನಿಂತಿತು. ‘ದುಡ್ಡು ಪಾರ್ಟಿ ಹತ್ರ ಇದೆ’ ಎಂದು ಬ್ರೋಕರ್, ‘ನಮಗೆ ಬಂದೇ ಇಲ್ಲ’ ಎಂದು ಮಾಲೀಕರು. ಅದೇ ತಪ್ಪನ್ನು ನಮ್ಮ ಆಫೀಸಿನ ಇಬ್ಬರು ಆಮೇಲೆ ಮಾಡಿದರು. ಅದಕ್ಕೇ ಈ ಬರಹ.

ನನಗೆ ಬ್ರೋಕರ್‌ಗಳ ಮೇಲೆ ಸಿಟ್ಟೇನೂ ಇಲ್ಲ. ನಮ್ಮ ಮನೆಯೂ ಬ್ರೋಕರ್ ಮೂಲಕವೇ ಸಿಕ್ಕಿದ್ದು. ಆದರೆ ಅವರ ಕೆಲಸ ಮನೆ ತೋರಿಸುವುದು, ಎರಡೂ ಕಡೆಯವರನ್ನು ಕೂರಿಸಿ ಮಾತಾಡಿಸುವುದು. ಪತ್ರ ಸರಿಯಿದೆಯಾ ಎಂದು ನೋಡುವುದು ಅವರ ಕೆಲಸವಲ್ಲ. ವ್ಯಾಪಾರ ಮುಗಿದರೆ ಮಾತ್ರ ಅವರಿಗೆ ದುಡ್ಡು. ಇಷ್ಟು ನೆನಪಿಟ್ಟುಕೊಂಡು ಮುಂದೆ ಓದಿ.

1. ಮೊದಲು ನಿಮ್ಮ ಲೆಕ್ಕ

ಮನೆ ಬೆಲೆ 80 ಲಕ್ಷ ಅಂದುಕೊಳ್ಳಿ. ನಗರದಲ್ಲಾದರೆ ಮುದ್ರಾಂಕ ಶುಲ್ಕ ಶೇ 5, ಅಂದರೆ 4 ಲಕ್ಷ. ಆ ಶುಲ್ಕದ ಮೇಲೆ ಸೆಸ್ ಶೇ 10, ಸರ್ಚಾರ್ಜ್ ಶೇ 2, ಎರಡೂ ಸೇರಿ 48 ಸಾವಿರ. ನೋಂದಣಿ ಶುಲ್ಕ 2025ರ ಆಗಸ್ಟ್ ಕೊನೆಯಿಂದ ಶೇ 1ರ ಬದಲು ಶೇ 2 ಆಗಿದೆ, ಅದು 1 ಲಕ್ಷ 60 ಸಾವಿರ. ಒಟ್ಟು 6 ಲಕ್ಷ 8 ಸಾವಿರ. ಇದರ ಮೇಲೆ ಬ್ರೋಕರ್ ಕಮಿಷನ್, ವಕೀಲರ ಫೀಸು. ಈ ದುಡ್ಡಿಗೆ ಬ್ಯಾಂಕ್ ಸಾಲ ಸಾಮಾನ್ಯವಾಗಿ ಸಿಗುವುದಿಲ್ಲ, ಕೈಯಲ್ಲೇ ಇರಬೇಕು. ‘ನಮ್ಮ ಬಜೆಟ್ 80’ ಎಂದು ಹೇಳಿ 80ರ ಮನೆಗೇ ಕೈಹಾಕಿ ಒದ್ದಾಡಿದವರನ್ನು ಬೇಕಾದಷ್ಟು ನೋಡಿದ್ದೇನೆ.

2. ಬ್ರೋಕರ್ ಹುಡುಕುವುದು

ಇಡೀ ಊರಿಗೇ ಮನೆ ತೋರಿಸುವ ಬ್ರೋಕರ್ ಬೇಡ. ನಿಮಗೆ ಬೇಕಾದ ಬಡಾವಣೆಯಲ್ಲೇ ಹತ್ತು ವರ್ಷದಿಂದ ಇರುವವರನ್ನು ಹಿಡಿಯಿರಿ. ಅಲ್ಲಿನ ಇಸ್ತ್ರಿ ಅಂಗಡಿಯವರನ್ನು ಕೇಳಿದರೆ ಯಾರು ನೆಟ್ಟಗೆ, ಯಾರು ಅಲ್ಲ ಎಂದು ಹೇಳಿಬಿಡುತ್ತಾರೆ. ಹೊಸ ಅಪಾರ್ಟ್‌ಮೆಂಟ್ ಅಥವಾ ಹೊಸ ಬಡಾವಣೆಯ ಸೈಟ್ ಆದರೆ ವಿಷಯ ಬೇರೆ. ರೇರಾದಲ್ಲಿ, ಅಂದರೆ ಹೊಸ ಕಟ್ಟಡ, ಬಡಾವಣೆಗಳ ಮೇಲೆ ಕಣ್ಣಿಡುವ ಸರ್ಕಾರಿ ಪ್ರಾಧಿಕಾರದಲ್ಲಿ, ನೋಂದಣಿಯಾದ ಯೋಜನೆಯನ್ನು ಮಾರುವ ಏಜೆಂಟ್ ಕೂಡ ರೇರಾದಲ್ಲಿ ನೋಂದಣಿ ಮಾಡಿಸಿರಲೇಬೇಕು. ನಂಬರ್ ಕೇಳಿ, ಕರ್ನಾಟಕ ರೇರಾ ವೆಬ್‌ಸೈಟಿನಲ್ಲಿ ಹಾಕಿ ನೋಡಿ. ಎರಡು ನಿಮಿಷದ ಕೆಲಸ.

ಮೊಬೈಲ್ ಆಪ್‌ಗಳಲ್ಲಿ ‘ಮಾಲೀಕರಿಂದ ನೇರ’ ಎಂದಿರುವುದನ್ನು ನಂಬಿ ಫೋನ್ ಮಾಡಿದರೆ ಆ ಕಡೆ ಸಿಗುವವರು ಬಹಳ ಸಲ ಬ್ರೋಕರೇ. ಆಮೇಲೆ ಆರು ತಿಂಗಳು ನಿಮ್ಮ ಫೋನ್ ನಿಲ್ಲುವುದಿಲ್ಲ. ಇದಕ್ಕೆಂದೇ ಹಳೆಯ ಸಿಮ್ ಒಂದನ್ನು ಇಟ್ಟುಕೊಳ್ಳಿ.

3. ಕಮಿಷನ್ ಮಾತು, ಮೊದಲ ಮನೆ ನೋಡುವ ಮುಂಚೆ

ನಮ್ಮ ಕಡೆ ರೂಢಿಯಲ್ಲಿರುವುದು ಶೇ 1ರಿಂದ 2, ಕೊಳ್ಳುವವರಿಂದಲೂ ಮಾರುವವರಿಂದಲೂ. 80 ಲಕ್ಷದ ಮನೆಗೆ ಶೇ 1 ಸಾಕು ಎಂದು ನನ್ನ ಅಭಿಪ್ರಾಯ. ‘ಅದೆಲ್ಲ ಆಮೇಲೆ ನೋಡೋಣ ಬಿಡಿ ಸರ್’ ಎಂದರೆ ಬಿಡಬೇಡಿ. ಎಷ್ಟು, ಯಾವಾಗ, ಯಾರಿಗೆ ಎಂದು ಒಂದು ವಾಟ್ಸ್‌ಆಪ್ ಮೆಸೇಜ್ ಹಾಕಿ ‘ಒಪ್ಪಿಗೆ’ ಎಂದು ಉತ್ತರ ತರಿಸಿಕೊಳ್ಳಿ. ‘ಯಾರಿಗೆ’ ಅನ್ನುವುದು ಮುಖ್ಯ. ಒಂದೇ ಮನೆಯ ಹಿಂದೆ ಮೂರು ನಾಲ್ಕು ಬ್ರೋಕರ್‌ಗಳ ಸರಪಳಿ ಇರುತ್ತದೆ. ನೋಂದಣಿ ದಿನ ಎಲ್ಲರೂ ಬಂದು ನಿಲ್ಲುತ್ತಾರೆ.

ಇನ್ನೊಂದು ಆಟ ಇದೆ. ಮಾಲೀಕರಿಗೆ ‘ನಿಮಗೆ 72 ಕೊಡಿಸ್ತೀನಿ, ಮೇಲಿನದು ನನ್ನದು’ ಎಂದು ಮಾತಾಗಿರುತ್ತದೆ. ನಿಮಗೆ ಹೇಳುವುದು 80. ನಡುವಿನ ಎಂಟು ಲಕ್ಷ ಬ್ರೋಕರ್‌ಗೆ, ಅದರ ಮೇಲೆ ನಿಮ್ಮಿಂದ ಕಮಿಷನ್ ಬೇರೆ! ಮಾಲೀಕರನ್ನು ಭೇಟಿ ಮಾಡಿಸಲು ಕೊನೆಯವರೆಗೂ ಹಿಂದೇಟು ಹಾಕುತ್ತಿದ್ದರೆ ಇದೇ ಕಾರಣ ಇರಬಹುದು. ಮಾಲೀಕರ ಎದುರು ಕೂತು ಬೆಲೆ ಮಾತಾಡದೆ ಯಾವ ಮನೆಯನ್ನೂ ಒಪ್ಪಬೇಡಿ.

4. ಮನೆ ನೋಡುವುದು

ಮೂರು ಸಲ ನೋಡಿ: ಹಗಲು, ರಾತ್ರಿ, ಮಳೆ ಬಂದ ಮಾರನೆಯ ದಿನ. ಪಕ್ಕದ ಮನೆಯವರನ್ನು ನೀರು ವಾರಕ್ಕೆ ಎಷ್ಟು ದಿನ ಬರುತ್ತದೆ ಎಂದು ಕೇಳಿ.

5. ಬೆಲೆ

ಆಷಾಢದಲ್ಲಿ ಮಾತಾಡಿ. ಆ ತಿಂಗಳು ಹೆಚ್ಚಿನವರು ಮನೆ ಕೊಳ್ಳುವ ಮಾತೇ ಎತ್ತುವುದಿಲ್ಲ. ಮಾರಲೇಬೇಕಾದ ಮಾಲೀಕರು ಸ್ವಲ್ಪ ಮೆತ್ತಗಾಗಿರುತ್ತಾರೆ. ನೋಂದಣಿಯನ್ನು ಬೇಕಾದರೆ ಶ್ರಾವಣದಲ್ಲಿ ಇಟ್ಟುಕೊಳ್ಳಿ, ಮನೆಯ ಹಿರಿಯರಿಗೂ ಸಮಾಧಾನ.

‘ಪತ್ರದಲ್ಲಿ ಕಮ್ಮಿ ತೋರಿಸೋಣ, ಉಳಿದಿದ್ದು ಕ್ಯಾಶ್ ಕೊಡಿ’ ಎಂಬ ಸಲಹೆ ಬಂದೇ ಬರುತ್ತದೆ. ಬೇಡ ಎನ್ನಿ. ಕಾನೂನಿನ ತೊಂದರೆ ಒಂದು ಕಡೆ ಇರಲಿ. ಪತ್ರದ ಬೆಲೆ ಇಳಿದರೆ ನಿಮ್ಮ ಸಾಲವೂ ಇಳಿಯುತ್ತದೆ. ನಾಳೆ ನೀವೇ ಮಾರುವಾಗ ಲಾಭ ಜಾಸ್ತಿ ಕಂಡು ತೆರಿಗೆಯೂ ಏರುತ್ತದೆ.

6. ಟೋಕನ್: ಇಲ್ಲಿ ನಿಧಾನ ಮಾಡಿ

ಬೆಲೆ ಕುದುರಿದ ಗಳಿಗೆಯಲ್ಲಿ ಎಲ್ಲರಿಗೂ ಒಂದು ಅಮಲು ಇರುತ್ತದೆ. ಬ್ರೋಕರ್ ಸ್ವೀಟ್ ಬಾಕ್ಸ್ ತರಿಸುತ್ತಾರೆ. ‘ಒಳ್ಳೆ ಗಳಿಗೆ, ಒಂದು ಲಕ್ಷದ ಒಂದು ರೂಪಾಯಿ ಕೊಟ್ಟುಬಿಡಿ’ ಎನ್ನುತ್ತಾರೆ. ಆ ದಿನ ಬರಿಗೈಯಲ್ಲಿ ಎದ್ದು ಬನ್ನಿ. ‘ಪತ್ರಗಳ ಜೆರಾಕ್ಸ್ ಕೊಡಿ, ನಾಳಿದ್ದು ಬರ್ತೀವಿ’ ಎನ್ನಿ. ಎರಡು ದಿನದಲ್ಲಿ ಮನೆ ಕೈತಪ್ಪಿದರೆ ತಪ್ಪಲಿ. ನನ್ನ ಅನುಭವದಲ್ಲಿ ಆ ‘ಇನ್ನೊಂದು ಪಾರ್ಟಿ’ ಹತ್ತರಲ್ಲಿ ಎಂಟು ಸಲ ಬರುವುದೇ ಇಲ್ಲ.

ಕೇಳಬೇಕಾದ ಪತ್ರಗಳು ಇವು: ಮಾಲೀಕರ ಹೆಸರಿನ ಕ್ರಯಪತ್ರ, ಅದಕ್ಕೂ ಹಿಂದಿನ ಮಾಲೀಕರ ಪತ್ರಗಳು, ಇ-ಖಾತಾ (ಸ್ಥಳೀಯ ಸಂಸ್ಥೆಯ ಆಸ್ತಿ ದಾಖಲೆಯ ಡಿಜಿಟಲ್ ರೂಪ), ಈ ವರ್ಷದ ಕಂದಾಯ ರಸೀದಿ, ಮಾಲೀಕರ ಆಧಾರ್ ಮತ್ತು ಪಾನ್. ವಾಟ್ಸ್‌ಆಪ್‌ನಲ್ಲಿ ಬರುವ ಮಸುಕು ಫೋಟೋ ಸಾಲದು. ಮೂಲಪತ್ರಗಳನ್ನು ಒಂದು ಸಲ ಕಣ್ಣಾರೆ ನೋಡಿ. ‘ಲಾಕರ್‌ನಲ್ಲಿದೆ’ ಎಂದರೆ ಲಾಕರ್ ತೆಗೆಯುವ ದಿನವೇ ಟೋಕನ್ ಎನ್ನಿ. ಎಷ್ಟೋ ಸಲ ಆ ಲಾಕರ್ ಅಂದರೆ ಸಾಲ ಕೊಟ್ಟ ಬ್ಯಾಂಕಿನದು! ಸಾಲ ಇದ್ದರೆ ತಪ್ಪೇನಿಲ್ಲ, ಎಷ್ಟು ಬಾಕಿ ಎಂದು ಬ್ಯಾಂಕಿನ ಪತ್ರ ಬೇಕು ಅಷ್ಟೆ. ಇ-ಖಾತಾ ಇಲ್ಲದೆ ಈಗ ನೋಂದಣಿಯೇ ಆಗುವುದಿಲ್ಲ. ‘ಅಪ್ಲೈ ಮಾಡಿದ್ದೀವಿ, ಬರುತ್ತೆ’ ಎಂದರೆ ಬಂದ ಮೇಲೆಯೇ ಮುಂದಿನ ಮಾತು.

ಆಸ್ತಿಯ ಮೇಲೆ ನೋಂದಣಿಯಾದ ಕ್ರಯ, ಸಾಲಗಳನ್ನು ತೋರಿಸುವ ಋಣಭಾರ ಪತ್ರ, ಅಂದರೆ ಇಸಿಯನ್ನು ಮಾತ್ರ ಬ್ರೋಕರ್ ಕೈಯಿಂದ ತೆಗೆದುಕೊಳ್ಳಬೇಡಿ. ನೀವೇ ತೆಗೆಸಿ. 2004ರ ಏಪ್ರಿಲ್‌ನಿಂದ ಈಚಿನದು ನೋಂದಣಿ ಇಲಾಖೆಯ ಕಾವೇರಿ ಪೋರ್ಟಲ್‌ನಲ್ಲಿ ಸಿಗುತ್ತದೆ. ಅದಕ್ಕೂ ಹಿಂದಿನದಕ್ಕೆ ಸಬ್ ರಿಜಿಸ್ಟ್ರಾರ್ ಕಚೇರಿಗೆ ಅರ್ಜಿ. ವ್ಯವಹಾರ ಇದ್ದರೆ ಫಾರಂ 15 ಬರುತ್ತದೆ, ಏನೂ ಇಲ್ಲದಿದ್ದರೆ ಫಾರಂ 16. ಇಲ್ಲೊಂದು ಸೂಕ್ಷ್ಮ ಇದೆ. ಮಾಲೀಕರು 2012ರಲ್ಲಿ ಕೊಂಡಿದ್ದಾರೆ, ನೀವು 2004ರಿಂದ ಇಸಿ ತೆಗೆಸಿದ್ದೀರಿ, ಫಾರಂ 16 ಬಂತು. ‘ಕ್ಲೀನ್ ಇದೆ’ ಎಂದು ಬ್ರೋಕರ್ ಖುಷಿಪಡುತ್ತಾರೆ. ಆದರೆ 2012ರ ಕ್ರಯವೇ ಅದರಲ್ಲಿ ಕಾಣಬೇಕಿತ್ತು, ಅಲ್ವಾ? ಕಾಣದಿದ್ದರೆ ಸೈಟ್ ನಂಬರೋ ಸರ್ವೆ ನಂಬರೋ ತಪ್ಪಾಗಿ ಹಾಕಿದ್ದೀರಿ, ಇಲ್ಲವೇ ಪತ್ರವೇ ಅನುಮಾನದ್ದು. ಇನ್ನೊಂದು ವಿಷಯ: ನೋಂದಣಿಯಾಗದ ಕರಾರು ಇಸಿಯಲ್ಲಿ ಕಾಣುವುದಿಲ್ಲ. ಅದೇ ಮನೆಗೆ ಬೇರೆ ಯಾರಿಂದಲೋ ಆಗಲೇ ಅಡ್ವಾನ್ಸ್ ತೆಗೆದುಕೊಂಡಿದ್ದರೆ ಇಸಿ ಹೇಳಲಾರದು.

ಈಗ ಮನೆ ಯಾರದ್ದು ಎಂಬ ಪ್ರಶ್ನೆ. ಭಾವ ಎಡವಿದ್ದು ಇಲ್ಲೇ. ಮಾಲೀಕರು ಸ್ವಂತ ದುಡ್ಡಿನಲ್ಲಿ ಕೊಂಡ ಮನೆಯಾದರೆ ಸುಲಭ. ಅಪ್ಪನಿಂದ ಬಂದದ್ದಾದರೆ ವಂಶವೃಕ್ಷ ಕೇಳಿ. ‘ತಂಗೀರಿಗೆ ಅರಿಶಿನ ಕುಂಕುಮಕ್ಕೆ ಅಂತ ಕೊಟ್ಟಾಗಿದೆ, ಅವರದ್ದೇನೂ ತಕರಾರಿಲ್ಲ’ ಎನ್ನುತ್ತಾರೆ. ಎಲ್ಲಿ ಕೊಟ್ಟಿದ್ದೀರಿ, ನೋಂದಣಿಯಾದ ಹಕ್ಕು ಬಿಡುಗಡೆ ಪತ್ರ ಇದೆಯಾ ಎಂದು ಕೇಳಿ. 2005ರ ತಿದ್ದುಪಡಿಯ ಮೇಲೆ ಹಿಂದೂ ಕುಟುಂಬದ ಪಿತ್ರಾರ್ಜಿತ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೂ ಗಂಡುಮಕ್ಕಳಷ್ಟೇ ಹಕ್ಕಿದೆ. ಪತ್ರ ಇಲ್ಲದಿದ್ದರೆ ಅವರೂ ಬಂದು ಸಹಿ ಹಾಕಬೇಕು. ಟೋಕನ್‌ಗೆ ಮೊದಲೇ ಅವರಿಗೆ ಒಂದು ಫೋನ್ ಮಾಡಿ ಮಾತಾಡಿ. ಮುಜುಗರ ಬೇಡ.

‘ಜಿಪಿಎ ಇದೆ, ಅದರ ಮೇಲೇ ಮಾಡಿಕೊಳ್ಳಿ’ ಎಂದರೆ ಎದ್ದು ಬನ್ನಿ. ಜಿಪಿಎ ಅಂದರೆ ಮಾಲೀಕರ ಪರವಾಗಿ ವ್ಯವಹರಿಸಲು ಇನ್ನೊಬ್ಬರಿಗೆ ಕೊಡುವ ಅಧಿಕಾರ ಪತ್ರ. ಅದನ್ನು ಬರೆದುಕೊಟ್ಟ ಮಾತ್ರಕ್ಕೆ ಆಸ್ತಿ ಕೈಬದಲಾಗುವುದಿಲ್ಲ ಎಂದು ಸುಪ್ರೀಂ ಕೋರ್ಟ್ 2011ರಲ್ಲೇ ಹೇಳಿದೆ.

ಇಷ್ಟೂ ಸರಿ ಕಂಡರೆ ಟೋಕನ್ ಕೊಡಿ. ಎಷ್ಟು? 50 ಸಾವಿರ, ಅದಕ್ಕಿಂತ ಒಂದು ರೂಪಾಯಿ ಜಾಸ್ತಿ ಬೇಡ. ನಗದಾಗಿ ಕೊಡಲೇಬೇಡಿ. ಆಸ್ತಿಯ ಮುಂಗಡವಾಗಿ 20 ಸಾವಿರ ಅಥವಾ ಅದಕ್ಕೂ ಮೇಲೆ ನಗದು ತೆಗೆದುಕೊಂಡವರಿಗೆ ಅಷ್ಟೇ ಮೊತ್ತದ ದಂಡ ಬೀಳುತ್ತದೆ. ಇದನ್ನು ಹೇಳಿದರೆ ಮಾಲೀಕರೇ ‘ಅಕೌಂಟಿಗೆ ಹಾಕಿ’ ಎನ್ನುತ್ತಾರೆ. ಮಾಲೀಕರ ಅಕೌಂಟಿಗೆ ಮಾತ್ರ. ಮಗನ ಅಕೌಂಟಿಗೂ ಬೇಡ, ಬ್ರೋಕರ್ ಅಕೌಂಟಿಗಂತೂ ಬೇಡವೇ ಬೇಡ.

ಜೊತೆಗೆ ಒಂದು ಹಾಳೆ. ಸ್ಟ್ಯಾಂಪ್ ಪೇಪರ್ ಅಂಗಡಿಯಲ್ಲಿ ರೆಡಿಮೇಡ್ ಕರಾರು ಸಿಗುತ್ತದೆ, ಹೆಸರು ತುಂಬಿಸಿ ಕೊಡುತ್ತಾರೆ. ಅದನ್ನು ಮುಟ್ಟಬೇಡಿ. ಅದರಲ್ಲಿ ವಾಪಸಿನ ಷರತ್ತೇ ಇರುವುದಿಲ್ಲ, ಇದ್ದರೂ ನಿಮ್ಮ ವಿರುದ್ಧ ಇರುತ್ತದೆ. ಹೀಗೆ ಕೈಯಲ್ಲೇ ಬರೆಯಿರಿ:

‘ಇಂಥ ನಂಬರಿನ ಮನೆಯನ್ನು ಇಷ್ಟು ರೂಪಾಯಿಗೆ ಮಾರಲು ಒಪ್ಪಿ, ಟೋಕನ್ ಆಗಿ 50,000 ರೂಪಾಯಿಯನ್ನು ಬ್ಯಾಂಕ್ ಮೂಲಕ ಪಡೆದಿದ್ದೇನೆ. ಈ ಮನೆಗೆ ಬೇರೆ ಯಾರಿಂದಲೂ ಮುಂಗಡ ಪಡೆದಿಲ್ಲ. ಕೊಳ್ಳುವವರ ವಕೀಲರು ಪತ್ರಗಳನ್ನು ನೋಡಲು 15 ದಿನ ಸಮಯ. ಪತ್ರದಲ್ಲಿ ದೋಷ ಕಂಡರೆ ಅಥವಾ ಬ್ಯಾಂಕ್ ಸಾಲಕ್ಕೆ ಒಪ್ಪದಿದ್ದರೆ ಪೂರ್ತಿ ಟೋಕನ್ ಅನ್ನು 7 ದಿನದಲ್ಲಿ ಹಿಂದಿರುಗಿಸುತ್ತೇನೆ. ಈ 15 ದಿನ ಮನೆಯನ್ನು ಬೇರೆಯವರಿಗೆ ಮಾರುವುದಿಲ್ಲ.’

ಮಾಲೀಕರ ಸಹಿ, ತಾರೀಕು, ಸಾಕ್ಷಿಯಾಗಿ ಬ್ರೋಕರ್ ಸಹಿ. ಬ್ರೋಕರ್ ಸಹಿ ಹಾಕಲು ಹಿಂಜರಿದರೆ ಅಲ್ಲೇ ನಿಮಗೆ ಅರ್ಧ ಉತ್ತರ ಸಿಕ್ಕಿತು.

ವಕೀಲರನ್ನು ನೀವೇ ಹುಡುಕಿ. ‘ನಮ್ಮ ಲಾಯರೇ ಇದ್ದಾರೆ, ಫ್ರೀಯಾಗಿ ನೋಡಿಕೊಡ್ತಾರೆ’ ಎಂಬ ಫ್ರೀ ಬಹಳ ದುಬಾರಿ. ಒಂದು ದಿನದಲ್ಲಿ ಕಾನೂನು ವರದಿ ಕೊಡುವ ಆನ್‌ಲೈನ್ ಸೇವೆಗೂ ನಾನು ಒಮ್ಮೆ ದುಡ್ಡು ಕಟ್ಟಿದ್ದೆ. ಹನ್ನೆರಡು ಪುಟದ ಚಂದದ ವರದಿ ಬಂತು. ಅದರಲ್ಲಿದ್ದದ್ದೆಲ್ಲ ನಾನು ಕಳಿಸಿದ ಪತ್ರಗಳ ಸಾರಾಂಶ.

7. ಕರಾರು

ವಕೀಲರು ಪತ್ರ ಸರಿಯಿದೆ ಎಂದ ಮೇಲೆ ಮಾರಾಟದ ಕರಾರು: ಶೇ 10 ಮುಂಗಡ, ಎಲ್ಲ ಹಕ್ಕುದಾರರ ಸಹಿ, ಮೂರು ತಿಂಗಳ ಗಡುವು. ಸಾಧ್ಯವಾದರೆ ಕರಾರನ್ನು ನೋಂದಣಿ ಮಾಡಿಸಿ, ಆಗ ಇಸಿಯಲ್ಲಿ ಕಾಣುತ್ತದೆ.

ಮನೆಯಲ್ಲಿ ಯಾರು ಇದ್ದಾರೆ ಎಂಬುದನ್ನು ಮರೆಯಬೇಡಿ. ನಮ್ಮ ಊರುಗಳಲ್ಲಿ ಲೀಸಿಗೆ, ಅಂದರೆ ಭೋಗ್ಯಕ್ಕೆ ಕೊಡುವುದು ಜಾಸ್ತಿ. ಕೆಳಗಿನ ಮನೆಯವರಿಂದ ಮಾಲೀಕರು ಹತ್ತು ಲಕ್ಷ ತೆಗೆದುಕೊಂಡಿರುತ್ತಾರೆ. ಅದು ವಾಪಸ್ ಆಗದೆ ಅವರು ಜಾಗ ಬಿಡುವುದಿಲ್ಲ, ಬಿಡಬೇಕಾಗಿಯೂ ಇಲ್ಲ. ಲೀಸಿನ ಮೊತ್ತವನ್ನು ಕರಾರಿನಲ್ಲೇ ಬರೆಸಿ. ಕೊನೆಯ ಕಂತಿನಿಂದ ನೇರವಾಗಿ ಅವರಿಗೇ ಕೊಟ್ಟು ಬರಹ ತೆಗೆದುಕೊಳ್ಳಿ.

ಮಾರುವವರಿಗೆ

ಹತ್ತು ಬ್ರೋಕರ್‌ಗಳಿಗೆ ಹೇಳಬೇಡಿ. ಒಂದೇ ಮನೆ ಐದು ಬೆಲೆಯಲ್ಲಿ ಓಡಾಡಿದರೆ ಕೊಳ್ಳುವವರು ‘ಏನೋ ಐಬಿದೆ’ ಎಂದುಕೊಳ್ಳುತ್ತಾರೆ. ಇಬ್ಬರು ಸಾಕು, ಎರಡು ತಿಂಗಳ ಗಡುವು ಕೊಡಿ. ಮೂಲಪತ್ರ ಯಾರ ಕೈಗೂ ಬೇಡ. ಜೆರಾಕ್ಸ್ ಮೇಲೆ ‘ನೋಡಲು ಮಾತ್ರ’ ಎಂದು ಅಡ್ಡ ಬರೆದು ಕೊಡಿ.

8. ನೋಂದಣಿ

ಕಾವೇರಿಯಲ್ಲಿ ಸಮಯ ಗೊತ್ತು ಮಾಡಿಕೊಂಡು ಹೋದರೆ ಆಗಿಹೋಗುತ್ತದೆ. ಬೆಲೆ 50 ಲಕ್ಷ ಅಥವಾ ಮೇಲಿದ್ದರೆ ಶೇ 1 ಟಿಡಿಎಸ್, ಅಂದರೆ ಮಾರುವವರ ಲೆಕ್ಕದ ಆದಾಯ ತೆರಿಗೆ, ಹಿಡಿದು ಸರ್ಕಾರಕ್ಕೆ ಕಟ್ಟುವುದು ಕೊಳ್ಳುವವರ ಹೊಣೆ. ಇದು ಮಾಲೀಕರ ದುಡ್ಡಿನಿಂದಲೇ ಹೋಗುವುದು, ನಿಮಗೆ ಹೆಚ್ಚುವರಿ ಖರ್ಚಲ್ಲ. ಮಾಲೀಕರು ವಿದೇಶದಲ್ಲಿ ನೆಲೆಸಿದವರಾದರೆ ಶೇ 1 ಅಲ್ಲ, ತುಂಬಾ ಜಾಸ್ತಿ. ಅದನ್ನು ಕರಾರಿಗೆ ಮೊದಲೇ ಒಬ್ಬ ಸಿಎ ಹತ್ತಿರ ಕೇಳಿಕೊಳ್ಳಿ.

9. ಕಮಿಷನ್ ಮತ್ತು ಕೀ

ಕರಾರಿನ ದಿನವೇ ಅರ್ಧ ಕೊಡಿ ಎನ್ನುತ್ತಾರೆ. ನಾನು ಕೊಡುವುದಿಲ್ಲ. ನೋಂದಣಿ ಮುಗಿದು, ಮೂಲಪತ್ರಗಳ ಕಟ್ಟು ಕೈಗೆ ಬಂದು, ಮನೆ ಖಾಲಿಯಾದ ಮೇಲೆ ಪೂರ್ತಿ ಒಂದೇ ಸಲ ಅಕೌಂಟಿಗೆ ಹಾಕುತ್ತೇನೆ. ಒಪ್ಪಿದ್ದನ್ನು ಒಂದು ಪೈಸೆ ಕಡಿಮೆ ಮಾಡದೆ ಕೊಡಿ. ಕೆಲಸ ಆದ ಮೇಲೆ ಚೌಕಾಸಿ ಮಾಡುವವರನ್ನೂ ನೋಡಿದ್ದೇನೆ, ಅದು ಸರಿಯಲ್ಲ.

ಕೊಡುವ ಮುಂಚೆ ಕೀಗೊಂಚಲನ್ನು ಬ್ರೋಕರ್ ಎದುರೇ ಒಂದೊಂದಾಗಿ ಹಾಕಿ ನೋಡಿ. ಗೇಟು, ಸಂಪಿನ ಮುಚ್ಚಳ, ಮೀಟರ್ ಬಾಕ್ಸ್. ಟೆರೇಸ್ ಬಾಗಿಲಿನದನ್ನು ಕೇಳಿ ಇಸಿದುಕೊಳ್ಳಿ. ನಮಗೆ ಅದು ಸಿಕ್ಕಿದ್ದು ಮೂರು ತಿಂಗಳಾದ ಮೇಲೆ, ಅಷ್ಟರಲ್ಲಿ ಬೀಗ ಒಡೆಸಿ ಆಗಿತ್ತು.