ಮುಖ್ಯ ಕೋಚ್ ನೋಡಬಾರದ ಅಂಕಿಗಳು: ಸಣ್ಣ ಕಾಲೇಜಿನ ಮಹಿಳಾ ಸಾಕರ್ ತಂಡದಲ್ಲಿ ನನ್ನ ಅನುಭವ

ಕಳೆದ ಸೀಸನ್ನಿನ ಕೊನೆಗೆ, ನವೆಂಬರ್ ಆರಂಭದಲ್ಲಿ, ನಮ್ಮ ಮಹಿಳಾ ತಂಡ ಕಾನ್ಫರೆನ್ಸ್ (ಕಾಲೇಜುಗಳ ಲೀಗ್) ಪಂದ್ಯಾವಳಿಗೆ ಹೊರಟಾಗ ಒಬ್ಬಳನ್ನು ಬಿಟ್ಟು ಉಳಿದವರೆಲ್ಲರೂ ಆಡುವ ಸ್ಥಿತಿಯಲ್ಲಿದ್ದರು. ಅಮೆರಿಕದ ಕಾಲೇಜು ಕ್ರೀಡೆಯ ಮೂರನೇ ಸ್ತರವಾದ ಡಿವಿಷನ್ 3ರ ಕಾಲೇಜೊಂದರಲ್ಲಿ 22-23 ಆಟಗಾರ್ತಿಯರನ್ನು ಇಟ್ಟುಕೊಂಡು, ವಾರಕ್ಕೆ ಎರಡು ಪಂದ್ಯಗಳಂತೆ ಎರಡೂವರೆ ತಿಂಗಳು ಆಡಿಸಿದವರಿಗೆ ಇದು ಎಂಥ ಮಾತು ಎಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ. ಅದಕ್ಕೂ ಹಿಂದಿನ ವರ್ಷಗಳಲ್ಲಿ ಅಕ್ಟೋಬರ್ ಮಧ್ಯದ ಹೊತ್ತಿಗೆ ನಮ್ಮ ಬೆಂಚಿನಲ್ಲಿ ಮೂರು ನಾಲ್ಕು ಜನ ಉಳಿಯುತ್ತಿದ್ದರು, ಅವರಲ್ಲೊಬ್ಬಳು ಎರಡನೇ ಗೋಲ್‌ಕೀಪರ್ ಆಗಿರುತ್ತಿದ್ದಳು. ಪೂರ್ಣಾವಧಿಯ ಮುಖ್ಯ ಕೋಚ್ ಆದ ನಾನು ಮತ್ತು ಅರೆಕಾಲಿಕರಾದ ಇಬ್ಬರು ಸಹಾಯಕರು ಸೇರಿ, ಗಾಯ ಮತ್ತು ದಣಿವನ್ನು ಕಡಿಮೆ ಮಾಡಲು ಹಿಡಿದ ದಾರಿಯನ್ನು ಮೊದಲ ವರ್ಷ ಯಾರೂ ಒಪ್ಪಲಿಲ್ಲ. ಈಗ ಅದೇ ಕಾನ್ಫರೆನ್ಸಿನ ಇಬ್ಬರು ಕೋಚ್‌ಗಳು ಫೋನ್ ಮಾಡಿ ವಿಚಾರಿಸಿದ್ದಾರೆ. ಆದ್ದರಿಂದ ಬರೆಯುತ್ತಿದ್ದೇನೆ.

ಮೊದಲು ಹಣದ ವಿಷಯ. ಡಿವಿಷನ್ 3ರಲ್ಲಿ ಕ್ರೀಡಾ ವಿದ್ಯಾರ್ಥಿವೇತನ ಕೊಡುವಂತಿಲ್ಲ. ಹಾಗಾಗಿ ನಮ್ಮಲ್ಲಿ ಆಡುವವರನ್ನು ತಂಡದಲ್ಲಿ ಉಳಿಸಿಕೊಳ್ಳುವುದು ಅವರ ಇಷ್ಟವೇ ಹೊರತು ದುಡ್ಡಲ್ಲ. ಮೊದಲ ಸಹಾಯಕಿಗೆ ಸೀಸನ್ನಿಗೆ ಸುಮಾರು 4,500 ಡಾಲರ್, ಗೋಲ್‌ಕೀಪರ್‌ಗಳನ್ನು ನೋಡಿಕೊಳ್ಳುವ ಎರಡನೆಯವರಿಗೆ 3,000ಕ್ಕಿಂತ ತುಸು ಕಡಿಮೆ ಸಿಗುತ್ತದೆ. ಓಡಿದ ದೂರವನ್ನು ಅಳೆಯುವ ಜಿಪಿಎಸ್ ವೆಸ್ಟ್‌ಗಳಿಗೆ ನಾವು ದರ ಕೇಳಿದಾಗ, ಇಡೀ ತಂಡಕ್ಕೆ ಒಂದು ವರ್ಷಕ್ಕೆ ಅವರು ಹೇಳಿದ ಮೊತ್ತ ಈ ಇಬ್ಬರ ಸಂಭಾವನೆಯನ್ನು ಕೂಡಿಸಿದರೂ ಮೀರುತ್ತಿತ್ತು. ಸಹಾಯಕರಿಲ್ಲದೆ ವೆಸ್ಟ್‌ಗಳನ್ನು ಇಟ್ಟುಕೊಂಡು ಮಾಡುವುದೇನೂ ಇರಲಿಲ್ಲ. ಆದಕಾರಣ ಆಟಗಾರ್ತಿಯನ್ನೇ ಕೇಳುವ ಹಳೆಯ ವಿಧಾನಕ್ಕೆ ಬಂದೆವು: ಅಭ್ಯಾಸ ಎಷ್ಟು ಕಷ್ಟವೆನಿಸಿತು ಎಂದು 0ರಿಂದ 10ರೊಳಗೆ ಒಂದು ಅಂಕಿ ಹೇಳಿಸಿ, ಅದನ್ನು ನಿಮಿಷಗಳಿಂದ ಗುಣಿಸಿ, ವಾರದ ಮೊತ್ತವನ್ನು ಸ್ಪ್ರೆಡ್‌ಶೀಟಿನಲ್ಲಿ ಬರೆದಿಡುವುದು. ಇದು ನಿಮಗೆಲ್ಲ ಗೊತ್ತಿರುವುದೇ, ಖರ್ಚಿಲ್ಲದ್ದು. ಬಹಳಷ್ಟು ಕಡೆ ಆರಂಭವಾಗಿ ಮೂರನೇ ವಾರಕ್ಕೆ ನಿಂತುಹೋಗುವಂಥದ್ದು.

ನಮ್ಮಲ್ಲಿಯೂ ಮೊದಲ ವರ್ಷ ಅದು ಯಾವ ಪ್ರಯೋಜನಕ್ಕೂ ಬರಲಿಲ್ಲ. ಅಭ್ಯಾಸ ಮುಗಿದೊಡನೆ ವೃತ್ತಾಕಾರದಲ್ಲಿ ನಿಲ್ಲಿಸಿ ಅಂಕಿ ಕೇಳುತ್ತಿದ್ದೆವು. ನಾಯಕಿ 5 ಎಂದರೆ ಎಲ್ಲರದೂ 5, ಆಕೆ 6 ಎಂದರೆ ಎಲ್ಲರದೂ 6. ಆಮೇಲೆ ಫೋನಿನಲ್ಲೇ ಭರ್ತಿ ಮಾಡುವ ಫಾರ್ಮ್ ಕೊಟ್ಟರೂ ಅಂಕಿಗಳು ಹೆಚ್ಚು ಬದಲಾಗಲಿಲ್ಲ. ನಮ್ಮ ಎಡ ವಿಂಗಿನ ಹುಡುಗಿಯೊಬ್ಬಳು ಸೆಪ್ಟೆಂಬರ್ ಪೂರ್ತಿ 6 ಎಂದೇ ಬರೆದಳು. ಬರೆಯುವಾಗ ಬಲಗೈಯಲ್ಲಿ ಫೋನ್, ಎಡಗೈ ತೊಡೆಯ ಹಿಂಭಾಗವನ್ನು ಒತ್ತಿಕೊಂಡಿರುತ್ತಿತ್ತು. ತಿಂಗಳ ಕೊನೆಯಲ್ಲಿ ಆಕೆಯ ಹ್ಯಾಮ್‌ಸ್ಟ್ರಿಂಗ್ ಹರಿಯಿತು. 9 ಎಂದು ಬರೆದರೆ ಶನಿವಾರ ಬೆಂಚಿನಲ್ಲಿ ಕೂರಬೇಕಾಗುತ್ತದೆ ಎಂದು ಅವಳಿಗೆ ಅನ್ನಿಸಿದ್ದರೆ ಅದರಲ್ಲಿ ಆಶ್ಚರ್ಯವೇನಿಲ್ಲ, ಏಕೆಂದರೆ ಅಂಕಿಯನ್ನು ಓದುವವನೂ ತಂಡವನ್ನು ಆರಿಸುವವನೂ ಒಬ್ಬನೇ ಆಗಿದ್ದ.

ನಮ್ಮ ವಿಧಾನದ ತಿರುಳು ಇಲ್ಲಿದೆ: ಎರಡನೇ ವರ್ಷದಿಂದ ಅಂಕಿಗಳನ್ನು ನಾನು ನೋಡುವುದೇ ಇಲ್ಲ. ಸ್ಪ್ರೆಡ್‌ಶೀಟಿನ ಪಾಸ್‌ವರ್ಡ್ ಮೊದಲ ಸಹಾಯಕಿಯ ಬಳಿ ಇರುತ್ತದೆ. ಅಭ್ಯಾಸ ಮುಗಿದು ಸುಮಾರು ಅರ್ಧ ಗಂಟೆಯಾದ ಮೇಲೆ, ಬಿಬ್‌ಗಳನ್ನು (ಅಭ್ಯಾಸದ ಮೇಲಂಗಿಗಳನ್ನು) ಹಿಂದಿರುಗಿಸುವ ಬಾಗಿಲ ಬಳಿ ನಿಂತು, ಒಬ್ಬೊಬ್ಬರನ್ನೇ ಆಕೆ ಕೇಳುತ್ತಾಳೆ. ಆಟಗಾರರ ಗಾಯಗಳನ್ನು ನೋಡಿಕೊಳ್ಳುವ ಕಾಲೇಜಿನ ಅಥ್ಲೆಟಿಕ್ ಟ್ರೇನರ್ ಜೊತೆ ಮಾತನಾಡಿ, ಮರುದಿನ ಬೆಳಿಗ್ಗೆ ನನಗೆ ಎರಡು ಮೂರು ಹೆಸರುಗಳನ್ನಷ್ಟೇ ಕಳುಹಿಸುತ್ತಾಳೆ: ಇವರಿಗೆ ಇಂದು ಅಭ್ಯಾಸ ಅರ್ಧಕ್ಕೆ ಇರಲಿ. ಕಾರಣವನ್ನು ನಾನು ಕೇಳುವುದಿಲ್ಲ. ಹೆಸರು ಬಂದವಳನ್ನು ಅದೇ ಕಾರಣಕ್ಕೆ ಪಂದ್ಯದಿಂದ ಕೈಬಿಡುವುದೂ ಇಲ್ಲ. ಈ ಒಪ್ಪಂದವನ್ನು ಆಗಸ್ಟಿನ ಮೊದಲ ಸಭೆಯಲ್ಲಿಯೇ ತಂಡದ ಮುಂದೆ ಹೇಳಿದೆವು. ಮುಖ್ಯ ಕೋಚ್‌ಗೆ ತನ್ನ ತಂಡದ ಅಂಕಿಗಳು ಗೊತ್ತಿರುವುದಿಲ್ಲ ಎಂದರೆ ಹೇಗೆ ಎಂದು ಅಥ್ಲೆಟಿಕ್ ಡೈರೆಕ್ಟರ್ ಕೇಳಿದರು, ಸಹೋದ್ಯೋಗಿಗಳೂ ಕೇಳಿದರು. ಆದರೆ ಸೆಪ್ಟೆಂಬರ್ ಮಧ್ಯದೊಳಗೆ 3ರಿಂದ 9ರವರೆಗೆ ಹರಡಿಕೊಂಡ ನಿಜವಾದ ಅಂಕಿಗಳು ಬರತೊಡಗಿದವು ಎಂದು ಸಹಾಯಕಿ ಹೇಳಿದಳು. ವಾರದ ಮೊತ್ತ 2,000ದ ಆಸುಪಾಸಿನಲ್ಲಿದ್ದರೆ ನಮ್ಮವರು ತಡೆದುಕೊಳ್ಳುತ್ತಾರೆ. 2,600 ದಾಟಿದ ವಾರದ ನಂತರ ಯಾರಿಗಾದರೂ ಏನಾದರೂ ಆಗುತ್ತದೆ. ಇದು ನಮ್ಮ ತಂಡದ ಲೆಕ್ಕ, ನಿಮ್ಮದು ಬೇರೆಯಿರಬಹುದು. ಅಂಕಿಯ ಜೊತೆಗೆ ಸಹಾಯಕಿ ಕೇಳುವ ಎರಡನೇ ಪ್ರಶ್ನೆಯೊಂದಿದೆ. ನಿಜವಾದ ಮಾಹಿತಿ ಅರ್ಧಕ್ಕರ್ಧ ಅದರಿಂದಲೇ ಸಿಗುತ್ತದೆ, ಆದರೆ ಮುಂದಿನ ಸೀಸನ್ನಿಗೂ ಅದು ನಮಗೆ ಬೇಕಾಗಿರುವುದರಿಂದ ಇಲ್ಲಿ ಬರೆಯುವುದಿಲ್ಲ.

ಎರಡನೆಯದು ಗುಂಪು ಬದಲಾವಣೆ. ಮೊದಲಾರ್ಧದಲ್ಲಿ ಹೊರಬಂದವಳು ಅದೇ ಅರ್ಧದಲ್ಲಿ ಮರಳುವಂತಿಲ್ಲ ಎಂಬ, ಅಮೆರಿಕದ ಕಾಲೇಜು ಕ್ರೀಡೆಗಳನ್ನು ನಡೆಸುವ ಎನ್‌ಸಿಎಎ ಸಂಸ್ಥೆಯ ನಿಯಮವನ್ನು ಹೆಚ್ಚಿನ ಕೋಚ್‌ಗಳು ಅಡ್ಡಿಯೆಂದು ನೋಡುತ್ತಾರೆ; ನಾವು ಅದನ್ನು ವಿಶ್ರಾಂತಿಯ ವೇಳಾಪಟ್ಟಿಯಾಗಿ ನೋಡಿದೆವು. 25ನೇ ನಿಮಿಷದ ಸುಮಾರಿಗೆ ಐದು ಜನರನ್ನು ಒಟ್ಟಿಗೆ ಹೊರತೆಗೆದರೆ, ಮಧ್ಯಂತರವೂ ಸೇರಿ ಅವರಿಗೆ 35 ನಿಮಿಷಗಳ ಬಿಡುವು ಸಿಗುತ್ತದೆ. ಎರಡನೇ ಅರ್ಧದಲ್ಲಿ ಒಮ್ಮೆ ಮರಳುವ ಅವಕಾಶ ಇದ್ದೇ ಇದೆ. 2022ರಿಂದ ಲೀಗ್ ಪಂದ್ಯಗಳಲ್ಲಿ ಹೆಚ್ಚುವರಿ ಸಮಯವನ್ನು ತೆಗೆದುಹಾಕಿದ್ದರಿಂದ, 90 ನಿಮಿಷಕ್ಕೆ ಆಟ ಮುಗಿಯುವುದು ಖಚಿತವಾಗಿ, ಲೆಕ್ಕ ಇನ್ನೂ ಸುಲಭವಾಯಿತು.

ಹೇಳುವುದು ಸುಲಭ. ಮೊದಮೊದಲ ಪಂದ್ಯಗಳಲ್ಲಿ ಬದಲಾವಣೆಯಾದ ನಂತರದ ಐದಾರು ನಿಮಿಷಗಳಲ್ಲಿಯೇ ನಮಗೆ ಗೋಲು ಬೀಳುತ್ತಿತ್ತು. ಒಂದು ಪಂದ್ಯದಲ್ಲಂತೂ 1-0 ಮುಂದಿದ್ದವರು ಮಧ್ಯಂತರಕ್ಕೆ 1-3 ಆಗಿದ್ದೆವು. ಒಳ್ಳೆಯ ಆಟಗಾರ್ತಿಯರನ್ನು ಹೊರಗೆ ಕೂರಿಸಿ ಪಂದ್ಯವನ್ನು ಒಪ್ಪಿಸಿಬಿಟ್ಟಿರಿ ಎಂದು ಪೋಷಕರು ಬರೆದ ಇಮೇಲುಗಳು ಡೈರೆಕ್ಟರ್ ಮೇಜಿಗೂ ಹೋದವು. ತೊಂದರೆ ಇದ್ದದ್ದು ಬದಲಿಗಳ ಗುಣಮಟ್ಟದಲ್ಲಲ್ಲ. ಅವರು ವಾರಪೂರ್ತಿ ಮೊದಲ ಹನ್ನೊಂದರ ಎದುರಾಳಿಗಳಾಗಿ ಅಭ್ಯಾಸ ಮಾಡಿ, ಪಂದ್ಯದಲ್ಲಿ ಮಾತ್ರ ಒಟ್ಟಾಗುತ್ತಿದ್ದರು. ಆಮೇಲೆ ಆ ಐವರನ್ನು ಒಂದು ಘಟಕವಾಗಿ ಸಹಾಯಕಿಗೆ ಒಪ್ಪಿಸಿದೆವು. ಅವರಿಗೆ ಬೇರೆಯದೇ ಆದ ಪ್ರೆಸ್ಸಿಂಗ್ (ಎದುರಾಳಿಯ ಮೇಲೆ ಒತ್ತಡ ಹೇರುವ) ಸೂಚನೆ, ಬೇರೆಯದೇ ಆದ ಕಾರ್ನರ್. ಬೆಂಚಿನಿಂದ ಏಳುವ ಹತ್ತು ನಿಮಿಷ ಮೊದಲು ಗೆರೆಯಾಚೆ ಅವರದೇ ವಾರ್ಮ್‌ಅಪ್. ಇಬ್ಬರು ಸೆಂಟರ್ ಬ್ಯಾಕ್‌ಗಳನ್ನೂ ಅವರ ಮುಂದಿನ ಮಿಡ್‌ಫೀಲ್ಡರ್‌ಳನ್ನೂ ಮಾತ್ರ ಬದಲಾಯಿಸುವುದಿಲ್ಲ. ಯಾವ ನಿಮಿಷದಲ್ಲಿ ಬದಲಾಯಿಸಬೇಕೆಂಬುದನ್ನು ಎದುರಾಳಿಯ ಯಾವ ಲಕ್ಷಣವನ್ನು ನೋಡಿ ನಿರ್ಧರಿಸುತ್ತೇವೆ ಎಂಬುದನ್ನೂ ನಮ್ಮಲ್ಲೇ ಇಟ್ಟುಕೊಳ್ಳುತ್ತೇನೆ. ನೆನಪಿನಿಂದ ಹೇಳುವುದಾದರೆ, ಕಳೆದ ಸೀಸನ್ನಿನಲ್ಲಿ ನಾವು ಹೊಡೆದ ಗೋಲುಗಳಲ್ಲಿ ಐದರಲ್ಲಿ ಎರಡು ಪಾಲು ಕೊನೆಯ 25 ನಿಮಿಷಗಳಲ್ಲಿ ಬಂದವು, ಮತ್ತು ಮೇಲೆ ಹೇಳಿದ ಇಮೇಲುಗಳು ನಿಂತವು.

ಮಂಗಳವಾರ ಮತ್ತು ಗುರುವಾರ ಸಂಜೆಯವರೆಗೆ ಕೆಮಿಸ್ಟ್ರಿ, ಬಯಾಲಜಿ ಲ್ಯಾಬ್‌ಗಳಿರುವುದರಿಂದ ಪೂರ್ತಿ ತಂಡ ಸಿಗದಿರುವುದು ಎಲ್ಲ ಸಣ್ಣ ಕಾಲೇಜುಗಳ ಗೋಳು. ಲ್ಯಾಬ್ ಮುಗಿಸಿ ಬಂದವರನ್ನು ಅಭ್ಯಾಸದ ಕೊನೆಗೆ ತುರುಕುವ ಬದಲು, ಅವರಿಗೆಂದೇ ಐದೂವರೆಗೆ 40 ನಿಮಿಷಗಳ ಬೇರೆ ಅಭ್ಯಾಸವನ್ನು ಇಟ್ಟೆವು. ಅದಕ್ಕೆ ಸಹಾಯಕಿಗೆ ಹೆಚ್ಚುವರಿಯಾಗಿ 800 ಡಾಲರ್ ಕೊಡಿಸಲು, ಬೇಸಿಗೆ ಶಿಬಿರದ ಆದಾಯದಲ್ಲಿ ಉಳಿದದ್ದನ್ನು ಬಳಸಿದೆವು. ಇಡೀ ವರ್ಷದಲ್ಲಿ ನಾನು ಮಾಡಿದ ಅತ್ಯುತ್ತಮ ಖರ್ಚು ಇದೇ ಎಂದು ಈಗಲೂ ಹೇಳುತ್ತೇನೆ.

ವಾರ್ಮ್‌ಅಪ್‌ಗೆ, ಗಾಯ ತಡೆಯುವ ವ್ಯಾಯಾಮಗಳ ಸರಣಿಯಾದ ಫಿಫಾ 11+ ಅನ್ನೇ ಬಳಸುತ್ತೇವೆ. ನಾರ್ವೆಯಲ್ಲಿ 13ರಿಂದ 17 ವರ್ಷದ ಸುಮಾರು 1,900 ಹುಡುಗಿಯರ ಮೇಲೆ ನಡೆದು 2008ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಒಟ್ಟು ಗಾಯಗಳು ಮೂರನೇ ಒಂದರಷ್ಟು ಕಡಿಮೆಯಾಗಿದ್ದವು. ಹುಡುಗಿಯರಲ್ಲಿ ಎಸಿಎಲ್ (ಮಂಡಿಯೊಳಗಿನ ಅಸ್ಥಿರಜ್ಜು) ಹರಿಯುವ ಅಪಾಯ ಹುಡುಗರಿಗಿಂತ ಎಷ್ಟು ಹೆಚ್ಚೆಂಬುದನ್ನು ಕಂಡಿರುವ ಯಾವ ಕೋಚ್ ಕೂಡ ಈ 20 ನಿಮಿಷಗಳಿಗೆ ಜಿಪುಣತನ ಮಾಡಬಾರದು. ಎಲ್ಲರೂ ಇದನ್ನು ಮಾಡಿಸುತ್ತಾರೆ, ಆದರೆ ಮಧ್ಯಭಾಗದ, ಮಂಡಿಯೂರಿ ನಿಧಾನವಾಗಿ ಮುಂದಕ್ಕೆ ವಾಲುವ ನಾರ್ಡಿಕ್ ವ್ಯಾಯಾಮವನ್ನು ಅರೆಬರೆ ಮಾಡಿಸುತ್ತಾರೆ. ಹಿಂದೆ ಕಣಕಾಲು ಹಿಡಿದವಳು ತನ್ನ ಭಾರವನ್ನು ಪೂರ್ತಿ ಹಾಕದಿದ್ದರೆ ಮುಂದಿನವಳು ಸೊಂಟ ಬಾಗಿಸಿ, ಕಡಿದ ಬಾಳೆಗಿಡದಂತೆ ಧಡಕ್ಕನೆ ಬೀಳುತ್ತಾಳೆ, ಸ್ನಾಯುವಿಗೆ ಕೆಲಸವೇ ಆಗುವುದಿಲ್ಲ. ನಮ್ಮಲ್ಲಿ ಮೊದಲ ವರ್ಷದವರ ಕಣಕಾಲನ್ನು ಆಗಸ್ಟ್ ಪೂರ್ತಿ ಹಿರಿಯರೇ ಹಿಡಿಯುತ್ತಾರೆ, ಗದ್ದ ಮುಂದಕ್ಕೆ ಬರುವುದನ್ನು ಗೋಲ್‌ಕೀಪರ್ ಕೋಚ್ ಪಕ್ಕದಲ್ಲಿ ಬಗ್ಗಿ ನಿಂತು ನೋಡುತ್ತಾರೆ. ಪಂದ್ಯದ ಹಿಂದಿನ ದಿನ ಈ ವ್ಯಾಯಾಮವಿಲ್ಲ.

ನಡುವೆ ಬೇರೆ ಪ್ರಯೋಗಗಳನ್ನೂ ಮಾಡಿದೆವು. ನಾರ್ತ್ ಕೆರೊಲಿನಾದಲ್ಲಿ 21 ಎನ್‌ಸಿಎಎ ಪ್ರಶಸ್ತಿಗಳನ್ನು ಗೆದ್ದ ಆನ್ಸನ್ ಡೊರಾನ್ಸ್ ಅವರಂತೆ, ಅಭ್ಯಾಸದ ಪ್ರತಿಯೊಂದು ಸ್ಪರ್ಧೆಯ ಶ್ರೇಯಾಂಕವನ್ನು ಗೋಡೆಗೆ ಅಂಟಿಸಿ ನೋಡಿದೆವು. ಅವರಂಥ ದೊಡ್ಡ ತಂಡಗಳಲ್ಲಿ ಅದು ಹಸಿವನ್ನು ಹುಟ್ಟಿಸುತ್ತದೆ. ನಮ್ಮಲ್ಲಿ ಕೊನೆಯ ಐವರು ಎರಡು ವಾರಗಳಲ್ಲಿ ಮಂಕಾದರು, ನಾನು ನೆಚ್ಚಿಕೊಂಡಿದ್ದ ಬದಲಿಗಳು ಅವರೇ ಆಗಿದ್ದರು. ಆದ್ದರಿಂದ ಹಾಳೆಯನ್ನು ತೆಗೆದೆವು. ನಿದ್ದೆಯ ದಿನಚರಿ ಬರೆಸಿದ್ದು ಮಧ್ಯಾವಧಿ ಪರೀಕ್ಷೆಗಳು ಬಂದೊಡನೆ ಕೈಬಿಟ್ಟುಹೋಯಿತು. ಫಲಿಸಿದ್ದೆಂದರೆ ಸೀಮೆಸುಣ್ಣದ ಜಿಗಿತ: ಪ್ರತಿ ಸೋಮವಾರ ಬೆರಳಿಗೆ ಸೀಮೆಸುಣ್ಣ ಹಚ್ಚಿಕೊಂಡು ಜಿಮ್ಮಿನ ಗೋಡೆಗೆ ಜಿಗಿದು ಗುರುತು ಮಾಡುವುದು. ಯಾರದಾದರೂ ಗುರುತು ತನ್ನ ಎಂದಿನ ಎತ್ತರಕ್ಕಿಂತ ಎರಡು ಇಂಚು ಕೆಳಗಿದ್ದರೆ, ಶನಿವಾರದ ಪಂದ್ಯದ ದಣಿವು ಇನ್ನೂ ಇಳಿದಿಲ್ಲವೆಂದೇ ಅರ್ಥ. ಫಾರ್ವರ್ಡ್‌ಗಳ ವಿಷಯದಲ್ಲಿ ಇದು ಬಾಯಿಂದ ಹೇಳಿದ ಅಂಕಿಗೆ ಚೆನ್ನಾಗಿ ತಾಳೆಯಾಯಿತು. ಗೋಲ್‌ಕೀಪರ್‌ಗಳಲ್ಲಿ ತಾಳೆಯೇ ಆಗಲಿಲ್ಲ.

ಕಾನ್ಫರೆನ್ಸ್ ಪಂದ್ಯಾವಳಿಯ ಸೆಮಿಫೈನಲ್‌ನಲ್ಲಿ ಪೆನಾಲ್ಟಿಗಳಲ್ಲಿ ಸೋತೆವು. ಆದರೆ ಹೆಚ್ಚುವರಿ ಸಮಯದ 20 ನಿಮಿಷಗಳಲ್ಲಿ ಎದುರಾಳಿಗಳು ತಮ್ಮ ಅರ್ಧದಿಂದ ಹೊರಬರಲು ಒದ್ದಾಡಿದ್ದನ್ನು ಅವರ ಕೋಚ್ ತಾವೇ ಒಪ್ಪಿಕೊಂಡರು. ಇನ್ನು ಬಗೆಹರಿಯದೆ ಉಳಿದಿರುವುದು ಬದಲಾಯಿಸದ ಆ ಮೂವರ ಪ್ರಶ್ನೆ. ತಂಡದಲ್ಲಿ ಗಾಯಗೊಂಡಿದ್ದ ಒಬ್ಬಳೂ ಸೆಂಟರ್ ಬ್ಯಾಕೇ. ಈ ಆಗಸ್ಟಿನಲ್ಲಿ ಮೂರನೇ ಸೆಂಟರ್ ಬ್ಯಾಕ್ ಒಬ್ಬಳನ್ನು ತಯಾರು ಮಾಡಿ, ಬುಧವಾರದ ಪಂದ್ಯಗಳಲ್ಲಿ ಒಬ್ಬೊಬ್ಬರಿಗೆ ಸರದಿಯಂತೆ ಪೂರ್ತಿ ಅರ್ಧ ಬಿಡುವು ಕೊಡಲಿದ್ದೇವೆ. ಎರಡನೇ ವರ್ಷದ ಒಬ್ಬ ಮಿಡ್‌ಫೀಲ್ಡರ್ ಆ ಜಾಗಕ್ಕೆ ಈಗಾಗಲೇ ಒಪ್ಪಿದ್ದಾಳೆ.