ಸ್ಕ್ರೋಲ್ ಲಾಕ್ ಇಲ್ಲದ ಲ್ಯಾಪ್‌ಟಾಪು: ಹಳೇ ಕ್ರೋಮ್‌ಬುಕ್‌ಗೆ ಲಿನಕ್ಸ್ ಹಾಕಿದ ನನ್ನ ಅನುಭವ

ಅಪ್ಪ ಮೇಷ್ಟ್ರಾಗಿದ್ದೋರು. ರಿಟೈರ್ ಆದ್ಮೇಲೆ ಅವರಿಗೊಂದು ಹುಚ್ಚು ಹಿಡೀತು, ನಮ್ಮೂರಿನ ಹೊಲಗಳ ಹೆಸರನ್ನೆಲ್ಲ ಬರೆದಿಡ್ಬೇಕು ಅಂತ. ಸರ್ವೆ ನಂಬರ್ ಅಲ್ಲ, ಜನ ಬಾಯಲ್ಲಿ ಕರೆಯೋ ಹೆಸರು: ಕೋಡಿ ಕೆಳಗಿನ ಗದ್ದೆ, ಹುಣಸೆಮರದ ತಾಕು, ಕುಂಟೆ ಹೊಲ, ಹಿಂಗೆ. ನೋಟ್‌ಬುಕ್ಕಲ್ಲಿ ಬರ್ಕೊಂಡಿದ್ರು, ಅದನ್ನ ಟೈಪ್ ಮಾಡ್ಬೇಕು, ಮನೇಲಿದ್ದ ಡೆಸ್ಕ್‌ಟಾಪು ವೋಲ್ಟೇಜ್ ಏರಿಳಿತಕ್ಕೆ ಯಾವತ್ತೋ ಸತ್ತೋಗಿತ್ತು, ಕರೆಂಟಂತೂ ಯಾವಾಗ ಇರುತ್ತೆ ಯಾವಾಗ ಹೋಗುತ್ತೆ ಹೇಳಕ್ಕಾಗಲ್ಲ, ಹಾಗಾಗಿ ಬ್ಯಾಟರಿ ಇರೋ ಮಿಷಿನ್ನೇ ಬೇಕು, ದುಡ್ಡು ಐದು ಸಾವಿರ ದಾಟಬಾರ್ದು. ಇದು ನನ್ನ ಮುಂದಿದ್ದ ಲೆಕ್ಕ.

ಬೆಂಗಳೂರಿನ ಎಸ್‌ಪಿ ರೋಡಲ್ಲಿ ಎರಡು ಶನಿವಾರ ಸುತ್ತಿ ಕೊನೆಗೆ 3,500 ರೂಪಾಯಿಗೆ ಒಂದು ಏಸರ್ ಸಿ720 ಕ್ರೋಮ್‌ಬುಕ್ ತಂದೆ. ಕ್ರೋಮ್‌ಬುಕ್ ಅಂದ್ರೆ ಗೂಗಲ್‌ನ ಕ್ರೋಮ್ ಓಎಸ್ ಓಡೋ ಲ್ಯಾಪ್‌ಟಾಪು, ಅದನ್ನ ತೆಗೆದು ಲಿನಕ್ಸ್ ಅನ್ನೋ ಇನ್ನೊಂದು ಓಎಸ್ ಹಾಕೋದು ನನ್ನ ಪ್ಲಾನು. 2013ರ ಕೊನೇಲಿ ಬಂದ ಮಾಡೆಲ್ಲು, 11.6 ಇಂಚು ಸ್ಕ್ರೀನು, ಹ್ಯಾಸ್ವೆಲ್ ಕಾಲದ ಸೆಲೆರಾನ್ 2955ಯು ಪ್ರೊಸೆಸರ್, 2 ಜಿಬಿ ರ್‍ಯಾಮ್, 16 ಜಿಬಿ ಎಸ್‌ಎಸ್‌ಡಿ. ಕ್ರೋಮ್ ಓಎಸ್ ಅಪ್‌ಡೇಟು ಇದಕ್ಕೆ 2019ಕ್ಕೇ ಮುಗಿದಿದೆ, ಅದಕ್ಕೇ ಈ ರೇಟು. ಆದ್ರೆ ಹಾರ್ಡ್‌ವೇರ್ ಏನೂ ಕೆಟ್ಟಿರ್ಲಿಲ್ಲ, ಕೀಬೋರ್ಡ್ ಚೆನ್ನಾಗಿತ್ತು, ಬ್ಯಾಟರಿ ಐದು ಗಂಟೆ ಬರ್ತಿತ್ತು. ವೈಫೈ ಚಿಪ್ಪು ಅಥೆರೋಸ್‌ದು, ಲಿನಕ್ಸ್‌ನಲ್ಲಿ ಬೇರೆ ಫರ್ಮ್‌ವೇರ್ (ಚಿಪ್ಪಿನೊಳಗೆ ಓಡೋ ಸಾಫ್ಟ್‌ವೇರ್) ಫೈಲ್ ಏನೂ ಕೇಳ್ದೆ ಓಡೋ ಜಾತಿ. ಬೇರೆ ಲ್ಯಾಪ್‌ಟಾಪ್‌ಗಳಲ್ಲಿ ವೈಫೈ ಡ್ರೈವರ್‌ಗೆ ಒದ್ದಾಡಿದೋರಿಗೆ ಇದು ಎಷ್ಟು ದೊಡ್ಡ ಸಮಾಧಾನ ಅಂತ ಗೊತ್ತಿರುತ್ತೆ.

ಒಂದು ವಿಷಯ ಮೊದ್ಲೇ ಹೇಳ್ಬಿಡ್ತೀನಿ. ಎಲ್ರೂ ಕೇಳೋದು ಯಾವ ಡಿಸ್ಟ್ರೋ, ಅಂದ್ರೆ ಲಿನಕ್ಸ್‌ನ ಯಾವ ತಳಿ, ಹಾಕಿದೆ ಅಂತ, ಆದ್ರೆ ನನಗೆ ಡಿಸ್ಟ್ರೋ ಹಾಕೋಕೆ ಹಿಡಿದಿದ್ದು ಒಂದು ಸಂಜೆ, ಕ್ರೋಮ್‌ಬುಕ್ಕನ್ನ ಮಾಮೂಲಿ ಲ್ಯಾಪ್‌ಟಾಪ್ ಮಾಡಕ್ಕೆ ಎರಡು ತಿಂಗಳು, ಅದೂ ನನ್ನ ಸೋಮಾರಿತನದಿಂದ.

ಕ್ರೋಮ್‌ಬುಕ್ಕಲ್ಲಿ ನಾವು ನೋಡೋ ಥರ ಬಯಾಸ್ ಸೆಟಪ್ (ಯಾವ ಡಿಸ್ಕಿಂದ ಶುರುವಾಗ್ಬೇಕು ಅಂತೆಲ್ಲ ಆರಿಸೋ ಸ್ಕ್ರೀನು) ಇರಲ್ಲ. ಎಸ್ಕೇಪ್, ರಿಫ್ರೆಶ್, ಪವರ್ ಮೂರೂ ಒಟ್ಟಿಗೆ ಒತ್ತಿದ್ರೆ ರಿಕವರಿ ಸ್ಕ್ರೀನ್ ಬರುತ್ತೆ, ಅಲ್ಲಿ ಕಂಟ್ರೋಲ್ ಡಿ, ಎಂಟರ್ ಒತ್ತಿದ್ರೆ ಡೆವಲಪರ್ ಮೋಡ್ (ಕ್ರೋಮ್ ಓಎಸ್‌ನ ಬೀಗ ಸಡಿಲ ಆಗೋ ಸ್ಥಿತಿ), ಒಳಗಿದ್ದಿದ್ದೆಲ್ಲ ಅಳಿಸಿ ಹೋಗುತ್ತೆ. ಅಲ್ಲಿಂದ ಮುಂದೆ ಎರಡು ದಾರಿ. ಒಂದು, ಮಿಸ್ಟರ್ ಕ್ರೋಮ್‌ಬಾಕ್ಸ್ ಅನ್ನೋ ಹೆಸರಲ್ಲಿ ಸಿಗೋ ಸ್ಕ್ರಿಪ್ಟ್ ಓಡಿಸಿ ಲೆಗಸಿ ಬೂಟ್ ಭಾಗ (ಬೇರೆ ಓಎಸ್ ಶುರು ಮಾಡೋ ಭಾಗ) ಮಾತ್ರ ಬದಲಾಯಿಸೋದು, ಅದಕ್ಕೆ ಮಿಷಿನ್ ಬಿಚ್ಚೋ ಅಗತ್ಯ ಇಲ್ಲ. ಇನ್ನೊಂದು, ಅದೇ ಸ್ಕ್ರಿಪ್ಟ್‌ನಿಂದ ಇಡೀ ಫರ್ಮ್‌ವೇರ್, ಅಂದ್ರೆ ಮಿಷಿನ್ ಆನ್ ಮಾಡಿದಾಗ ಮೊದ್ಲು ಓಡೋ ಸಾಫ್ಟ್‌ವೇರ್, ಬದಲಾಯಿಸೋದು, ಅದಕ್ಕೆ ಹಿಂದಿನ ಮುಚ್ಚಳ ತೆಗೆದು ರೈಟ್ ಪ್ರೊಟೆಕ್ಟ್ ಸ್ಕ್ರೂ ಬಿಚ್ಚಬೇಕು. ನಾನು ಯಾಕಪ್ಪಾ ರಿಸ್ಕು ಅಂತ ಮೊದಲನೇ ದಾರಿ ಹಿಡಿದೆ. ಅದೇ ತಪ್ಪಾಗಿದ್ದು.

ಲೆಗಸಿ ದಾರೀಲಿ ಪ್ರತಿ ಸಲ ಆನ್ ಮಾಡಿದಾಗ್ಲೂ ಒಂದು ಬಿಳೀ ಸ್ಕ್ರೀನ್ ಬರುತ್ತೆ, ಓಎಸ್ ವೆರಿಫಿಕೇಶನ್ ಆಫ್ ಆಗಿದೆ, ಮತ್ತೆ ಆನ್ ಮಾಡಕ್ಕೆ ಸ್ಪೇಸ್ ಒತ್ತಿ ಅಂತ ಇಂಗ್ಲಿಷಲ್ಲಿ ಬರೆದಿರುತ್ತೆ. ನಾವು ಒತ್ತಬೇಕಾಗಿರೋದು ಕಂಟ್ರೋಲ್ ಎಲ್, ಅದನ್ನ ಮಾತ್ರ ಎಲ್ಲೂ ಬರೆದಿರಲ್ಲ. ನಾನು ಒಂದು ಚೀಟಿ ಮೇಲೆ ಬರೆದು ಟಚ್‌ಪ್ಯಾಡ್ ಪಕ್ಕ ಅಂಟಿಸಿ ಊರಿಗೆ ಕೊಟ್ಟು ಬಂದೆ. ಮೂರು ವಾರ ಸರಿಯಾಗೇ ನಡೀತು. ಆಮೇಲೆ ಒಂದಿನ ಅಪ್ಪನ ಫೋನು, "ಲೋ, ಕ್ರೋಮ್ ಓಎಸ್ ಕಾಣೆಯಾಗಿದೆ ಅಂತಿದೆ ಕಣೋ, ಎಲ್ಲೋಯ್ತು ಅದು?" ಚೀಟಿ ಬಿದ್ದೋಗಿತ್ತು. "ಸ್ಪೇಸ್ ಒತ್ತು ಅಂತ ಅದೇ ಹೇಳ್ತಲ್ಲ, ಒತ್ತಿದೆ. ಎಂಟರ್ ಅಂತು, ಅದನ್ನೂ ಒತ್ತಿದೆ." ನಲವತ್ತು ವರ್ಷ ಮಕ್ಕಳಿಗೆ ಪ್ರಶ್ನೆ ಪೂರ್ತಿ ಓದಿ ಉತ್ತರ ಬರೀರಿ ಅಂತ ಹೇಳಿದ ಮನುಷ್ಯ, ಅವರದ್ದೇನು ತಪ್ಪು.

ಸ್ಪೇಸ್ ಒತ್ತಿದ್ರೆ ಡೆವಲಪರ್ ಮೋಡ್ ಆಫ್ ಆಗುತ್ತೆ, ಡಿಸ್ಕಲ್ಲಿ ಕ್ರೋಮ್ ಓಎಸ್ಸೇ ಇಲ್ವಲ್ಲ, ಅದಕ್ಕೇ ಕಾಣೆ ಅನ್ನುತ್ತೆ. ಮತ್ತೆ ಡೆವಲಪರ್ ಮೋಡ್‌ಗೆ ಹೋದ್ರೂ ಲೆಗಸಿ ಬೂಟ್‌ನ ಫ್ಲ್ಯಾಗು (ಆ ದಾರಿಗೆ ಬಿಡು ಅನ್ನೋ ಗುರುತು) ಹೋಗಿರುತ್ತೆ, ಕಂಟ್ರೋಲ್ ಎಲ್ ಒತ್ತಿದ್ರೆ ಬೀಪ್ ಬೀಪ್ ಅಂತ ಕೂಗುತ್ತೆ ಅಷ್ಟೇ. ಬ್ಯಾಟರಿ ಪೂರ್ತಿ ಖಾಲಿ ಆದ್ರೂ ಇದೇ ಫ್ಲ್ಯಾಗು ಹೋಗ್ಬೋದು, ಅಂದ್ರೆ ಇವತ್ತಲ್ಲ ನಾಳೆ ಇದು ಆಗೋದೇ ಇತ್ತು. ನಾನು ಭಾನುವಾರ ಊರಿಗೆ ಹೋಗಿ, ಪೆನ್‌ಡ್ರೈವಲ್ಲಿ ರಿಕವರಿ ಇಮೇಜ್ ಹಾಕ್ಕೊಂಡು, ಅವಸರದಲ್ಲಿ ಕ್ರೋಮ್ ಓಎಸ್ ವಾಪಸ್ ಬರೆದೆ. ಬರೆದು ಮುಗಿದ ಮೇಲೆ ಹೊಳೀತು, ಅದೇ ಡಿಸ್ಕಲ್ಲಿ ಅಪ್ಪನ ಹನ್ನೊಂದು ಪುಟ ಇತ್ತು ಅಂತ. ಎಸ್‌ಎಸ್‌ಡಿ ಬಿಚ್ಚಿ ಒಂದು ಯುಎಸ್‌ಬಿ ಕೇಸಿಗೆ ಹಾಕಿದ್ರೆ ಬೇರೆ ಕಂಪ್ಯೂಟರಲ್ಲಿ ಫೈಲ್ ಸಿಗ್ತಿತ್ತು. ಆಗ ತಲೆಗೆ ಬರ್ಲಿಲ್ಲ. ಅಪ್ಪ ಬೈಲಿಲ್ಲ, ನೋಟ್‌ಬುಕ್ ಎತ್ತಿ ಮೇಜಿನ ಮೇಲಿಟ್ರು, ಅದು ಬೈಗುಳಕ್ಕಿಂತ ಜಾಸ್ತಿ ಆಯ್ತು.

ಹಾಗಾಗಿ ಸ್ಕ್ರೂ. ಮಿಷಿನ್ ಬೆಂಗಳೂರಿಗೆ ತಂದು ಮೇಜಿನ ಮೇಲೆ ಕವುಚಿ ಹಾಕಿ ಹಿಂದಿನ ಮುಚ್ಚಳ ಬಿಚ್ಚಿದೆ. ಹನ್ನೆರಡು ಸ್ಕ್ರೂ ತೆಗೆದ್ರೂ ಏಳ್ತಿಲ್ಲ, ಆಮೇಲೆ ನೋಡಿದ್ರೆ ಸ್ಟಿಕ್ಕರ್ ಕೆಳಗೆ ಇನ್ನೊಂದು. ಕ್ಲಿಪ್‌ಗಳು ಟಕ್ ಟಕ್ ಅಂದಾಗೆಲ್ಲ ಏನೋ ಮುರೀತು ಅಂತ ಎದೆ ಝಲ್ಲನ್ನುತ್ತೆ, ಮುರಿಯಲ್ಲ, ಹಳೇ ಎಟಿಎಂ ಕಾರ್ಡೊಂದನ್ನ ಸಂದಿಗೆ ತೂರಿಸಿ ನಿಧಾನಕ್ಕೆ ಎಬ್ಬಿಸ್ಬೇಕು. ಒಳಗೆ ಬೋರ್ಡ್ ಮೇಲಿರೋ ರೈಟ್ ಪ್ರೊಟೆಕ್ಟ್ ಸ್ಕ್ರೂ ಯಾವ್ದನ್ನೂ ಹಿಡ್ಕೊಂಡಿರಲ್ಲ, ಅದರ ಮಜಾ ಏನಂದ್ರೆ ಅದು ಸ್ಕ್ರೂ ಥರ ಕಾಣೋ ಒಂದು ಸ್ವಿಚ್ಚು. ಬಿಚ್ಚಿದ್ರೆ ಕೆಳಗಿನ ಲೋಹದ ಉಂಗುರ ಎರಡು ಹೋಳಾಗಿರೋದು ಕಾಣುತ್ತೆ, ಸ್ಕ್ರೂ ತಲೆ ಆ ಎರಡೂ ಹೋಳನ್ನ ಸೇರಿಸ್ತಿತ್ತು, ಸೇರಿದ್ದಾಗ ಫರ್ಮ್‌ವೇರ್ ಚಿಪ್ ಬರೆಯಕ್ಕೆ ಬಿಡಲ್ಲ, ತೆಗೆದ್ರೆ ಬಿಡುತ್ತೆ. ಇಷ್ಟೇ. ಆ ಸ್ಕ್ರೂ ಈಗ್ಲೂ ನಮ್ಮನೆ ದೇವರ ಕೋಣೆ ಹತ್ರ ಒಂದು ಕುಂಕುಮದ ಡಬ್ಬೀಲಿದೆ, ಯಾಕೆ ಅಲ್ಲಿಟ್ಟೆ ಅಂತ ಕೇಳ್ಬೇಡಿ.

ಸ್ಕ್ರಿಪ್ಟ್ ಓಡಿಸಿದಾಗ ಮಾಡೆಲ್ ಹೆಸರು ಪೆಪ್ಪಿ ಅಂತ ತೋರಿಸ್ತು, ಸಿ720ಗೆ ಅದೇ ಕೋಡ್‌ನೇಮು. ರೈಟ್ ಪ್ರೊಟೆಕ್ಟ್ ಆಫ್ ಅಂತ ಬಂತು. ಇಲ್ಲಿ ಎರಡು ವಿಷಯ ತಪ್ಪದೇ ಮಾಡಿ, ಚಾರ್ಜರ್ ಹಾಕಿರ್ಬೇಕು, ಮತ್ತೆ ಹಳೇ ಫರ್ಮ್‌ವೇರಿನ ಬ್ಯಾಕಪ್ ತಗೊಳ್ಳಾ ಅಂತ ಕೇಳುತ್ತಲ್ಲ, ಹೂಂ ಅಂದು ಪೆನ್‌ಡ್ರೈವ್‌ಗೆ ತಗೊಂಡು ಅದನ್ನ ಇನ್ನೊಂದು ಕಡೆ ಕಾಪಿ ಮಾಡಿಡಿ. ವಾಪಸ್ ಕ್ರೋಮ್ ಓಎಸ್‌ಗೆ ಹೋಗ್ಬೇಕು ಅಂದ್ರೆ ಅದು ಬೇಕು. ಬರೆದು ಮುಗೀತು, ರೀಸ್ಟಾರ್ಟ್ ಮಾಡಿದೆ, ಸ್ಕ್ರೀನು ಕಪ್ಪು. ಕಪ್ಪು. ಇನ್ನೂ ಕಪ್ಪು. 3,500 ಹೋಯ್ತು ಅನ್ಕೊಂಡೆ. ಮೊದಲನೇ ಸಲ ರ್‍ಯಾಮನ್ನ ಅಳೆದು ಹೊಂದಿಸ್ಕೊಳ್ಳಕ್ಕೆ ಟೈಮ್ ತಗೊಳ್ಳುತ್ತಂತೆ, ಅರ್ಧ ನಿಮಿಷ ಆದ್ಮೇಲೆ ಒಂದು ಮೊಲದ ಚಿತ್ರ ಬಂತು ನೋಡಿ, ಅಷ್ಟು ಚೆಂದದ ಮೊಲ ನಾನು ನೋಡೇ ಇಲ್ಲ. ಬಿಳೀ ಸ್ಕ್ರೀನೂ ಇಲ್ಲ, ಬೀಪೂ ಇಲ್ಲ, ಸ್ಪೇಸ್ ಒತ್ತಿದ್ರೆ ಏನೂ ಆಗಲ್ಲ.

ಹೆಂಗೂ ಬಿಚ್ಚಿದೀನಲ್ಲ ಅಂತ ಎಸ್‌ಎಸ್‌ಡಿನೂ ಬದಲಾಯಿಸಿದೆ. ರ್‍ಯಾಮ್ ಬೋರ್ಡಿಗೆ ಬೆಸುಗೆ ಹಾಕಿರ್ತಾರೆ, ಏನೂ ಮಾಡಕ್ಕಾಗಲ್ಲ, ಎಸ್‌ಎಸ್‌ಡಿ ಮಾತ್ರ ಕೈಗೆ ಬರುತ್ತೆ. ಎಂ.2, 2242 ಸೈಜು, ಅಂದ್ರೆ 22 ಮಿಲಿಮೀಟರ್ ಅಗಲ 42 ಉದ್ದ, ಸಾಟಾ ಅನ್ನೋ ಬಗೆದಿರ್ಬೇಕು, ಎನ್‌ವಿಎಂಇ ಅನ್ನೋ ಬಗೆ ನಡೆಯಲ್ಲ. ಅಂಗಡೀಲಿ ಎಂ.2 ಅಂದ ತಕ್ಷಣ 2280 ಕೈಗಿಟ್ಟುಬಿಡ್ತಾರೆ, ಅದು ಇದರ ಜಾಗದಲ್ಲಿ ಕೂರಲ್ಲ, ಹಳೇ ಎಸ್‌ಎಸ್‌ಡಿನೇ ಜೇಬಲ್ಲಿಟ್ಕೊಂಡು ಹೋಗೋದು ಒಳ್ಳೇದು. 128 ಜಿಬಿದು ಹಾಕಿದೆ.

ಈಗ ಡಿಸ್ಟ್ರೋ. ಮೊದ್ಲೆಲ್ಲ ಕ್ರೋಮ್‌ಬುಕ್ ಅಂದ್ರೆ ಗ್ಯಾಲಿಯಂ ಓಎಸ್ ಅಂತಿದ್ರು, ಕ್ಸುಬುಂಟು ಮೇಲೆ ಕಟ್ಟಿದ್ದು, ಟಚ್‌ಪ್ಯಾಡ್ ಕೀಬೋರ್ಡ್ ಎಲ್ಲ ಹೊಂದಿಸಿಯೇ ಬರ್ತಿತ್ತು, ಆದ್ರೆ ಅದರ ಬೇರು ಉಬುಂಟು 18.04, ಹೊಸದು ಬರೋದು ನಿಂತಿದೆ, ನೆಟ್‌ಗೆ ಹೋಗೋ ಮಿಷಿನ್‌ಗೆ ಬೇಡ ಅನ್ನಿಸ್ತು. ಲುಬುಂಟು ಹಾಕಿ ನೋಡಿದೆ, ಚೆನ್ನಾಗೇ ಇದೆ, ಫೈರ್‌ಫಾಕ್ಸ್ ಸ್ನ್ಯಾಪ್ ಅನ್ನೋ ಭಾರದ ಪ್ಯಾಕೇಜ್ ರೂಪದಲ್ಲಿ ಬರುತ್ತೆ, 2 ಜಿಬಿ ರ್‍ಯಾಮಲ್ಲಿ ಅದು ತೆರೆಯೋಷ್ಟರಲ್ಲಿ ಕಾಫಿ ಕುಡಿದು ಬರ್ಬೋದು. ಆಂಟಿಎಕ್ಸ್ ಅಂತೂ ನಿಜಕ್ಕೂ ಹಕ್ಕಿ ಗರಿ, ಬೂಟ್ ಆದ್ಮೇಲೆ 200 ಎಂಬಿ ಆಸುಪಾಸು ತಿಂತಿತ್ತು, ನನಗೊಬ್ಬನಿಗೇ ಆಗಿದ್ರೆ ಅದನ್ನೇ ಇಟ್ಕೊತಿದ್ದೆ. ಆದ್ರೆ ಅದರಲ್ಲಿ ಸಿಸ್ಟಮ್‌ಡಿ (ಬೂಟ್ ಆಗುವಾಗ ಪ್ರೋಗ್ರಾಮುಗಳನ್ನ ಶುರು ಮಾಡೋದು) ಇಲ್ಲ, ನನಗೆ ಬೇಕಾಗಿದ್ದ ಕೀಬೋರ್ಡ್ ಪ್ರೋಗ್ರಾಮನ್ನ ಬೂಟಲ್ಲಿ ಓಡಿಸಕ್ಕೆ ನಾನೇ ಸ್ಕ್ರಿಪ್ಟ್ ಬರೀಬೇಕು, ಮೆನುಗಳೂ ಅಪ್ಪನ ಕಣ್ಣಿಗೆ ಸಣ್ಣ. ಕೊನೆಗೆ ಡೆಬಿಯನ್ 12, ಅದರ ಮೇಲೆ ಎಲ್‌ಎಕ್ಸ್‌ಕ್ಯೂಟಿ ಅನ್ನೋ ಹಗುರವಾದ ಡೆಸ್ಕ್‌ಟಾಪ್ ಪರದೆ. ಬೂಟ್ ಆಗಿ ನಿಂತಾಗ 400 ಎಂಬಿ ಹತ್ರ.

ಆಮೇಲೆ ಜೀರ್‍ಯಾಮ್ ಹಾಕಿದೆ. ರ್‍ಯಾಮಿನ ಒಂದು ಭಾಗವನ್ನೇ ಸ್ವಾಪ್ (ಮೆಮೊರಿ ತುಂಬಿದಾಗ ಬಳಸೋ ಹೆಚ್ಚುವರಿ ಜಾಗ) ಮಾಡ್ಕೊಂಡು, ಅಲ್ಲಿಗೆ ಹೋಗೋದನ್ನೆಲ್ಲ ಹಿಂಡಿ ಚಿಕ್ಕದು ಮಾಡಿ ಇಡುತ್ತೆ, ಡಿಸ್ಕಿಗೆ ಬರೆಯೋ ಗೋಜಿಲ್ಲ. ಒಂದು ಪ್ಯಾಕೇಜು, ಒಂದು ಫೈಲಲ್ಲಿ ಶೇಕಡಾ ಎಷ್ಟು ಅಂತ ಬದಲಾಯಿಸೋದು, ನಾನು 100 ಇಟ್ಟೆ. ಇದನ್ನ ಹಾಕೋ ಮುಂಚೆ ನಾಲ್ಕನೇ ಟ್ಯಾಬ್ ತೆರೆದ್ರೆ ಮೌಸೇ ನಿಂತೋಗ್ತಿತ್ತು, ಹಾಕಿದ್ಮೇಲೆ ಏಳೆಂಟು ಟ್ಯಾಬ್‌ಗೂ ಏದುಸಿರು ಬಿಟ್ಕೊಂಡು ನಡೆಯುತ್ತೆ. ಯಾವ ಡಿಸ್ಟ್ರೋ ಅಂತ ಜಗಳ ಆಡೋರು ಮೊದ್ಲು ಇದನ್ನ ಮಾಡ್ಲಿ. ಯೂಟ್ಯೂಬಲ್ಲಿ ಹರಿಕಥೆ ನೋಡುವಾಗ ಫ್ಯಾನ್ ಕೂಗ್ತಿತ್ತು, ಈ ಚಿಪ್‌ಗೆ ವಿಪಿ9 ಅನ್ನೋ ರೂಪದ ವೀಡಿಯೋ ಬಿಚ್ಚೋ ಹಾರ್ಡ್‌ವೇರ್ ಇಲ್ಲ, ಎಚ್264 ಅನ್ನೋ ಹಳೇ ರೂಪಕ್ಕೆ ಇದೆ, ಯೂಟ್ಯೂಬಿಂದ ಎಚ್264 ಮಾತ್ರ ತರಿಸೋ ಒಂದು ಎಕ್ಸ್‌ಟೆನ್ಶನ್ ಹಾಕಿದೆ, ಸುಮ್ಮನಾಯ್ತು. ಸೌಂಡ್ ಬರ್ಲಿಲ್ಲ, ಎಚ್‌ಡಿಎಂಐ ಮೊದಲನೇ ಕಾರ್ಡ್ ಆಗಿ ಕೂತಿತ್ತು, ಸೆಟ್ಟಿಂಗಲ್ಲಿ ಸ್ಪೀಕರ್‌ಗೆ ಬದಲಾಯಿಸಿದೆ, ಬಂತು.

ಇಷ್ಟೆಲ್ಲ ಆಗಿ ಊರಿಗೆ ತಗೊಂಡು ಹೋದ್ರೆ ಅಪ್ಪ ಕೂತ್ಕೊಂಡ ತಕ್ಷಣ ಕೇಳಿದ್ದು ಒಂದೇ, "ಸ್ಕ್ರೋಲ್ ಲಾಕ್ ಎಲ್ಲೋ?"

ಸ್ಕೂಲ್ ಆಫೀಸಲ್ಲಿ ನುಡಿ (ಕನ್ನಡ ಟೈಪ್ ಮಾಡೋ ಸಾಫ್ಟ್‌ವೇರ್) ಕಲಿತವರಿಗೆ ಗೊತ್ತಾಗುತ್ತೆ ಇದು. ನುಡೀಲಿ ಕನ್ನಡಕ್ಕೂ ಇಂಗ್ಲಿಷಿಗೂ ಹಾರಕ್ಕೆ ಸ್ಕ್ರೋಲ್ ಲಾಕ್. ಇಪ್ಪತ್ತು ವರ್ಷದಿಂದ ಅವರ ಬಲಗೈ ತಾನಾಗೇ ಮೇಲಕ್ಕೆ ಹೋಗುತ್ತೆ. ಮೊದಲನೇ ಸಲ ನಾನು ಸೂಪರ್ ಕೀ (ಬೇರೆ ಕೀಬೋರ್ಡಲ್ಲಿ ವಿಂಡೋಸ್ ಕೀ) ಜೊತೆ ಸ್ಪೇಸ್ ಒತ್ತಿ ಅಂತ ಹೇಳ್ಕೊಟ್ಟು ಬಂದಿದ್ದೆ, ಆ ಮೂರು ವಾರ ಅವರು ಅದಕ್ಕೆ ಬೈಕೊಂಡೇ ಟೈಪ್ ಮಾಡಿದ್ರು ಅಂತ ಅಮ್ಮ ಆಮೇಲೆ ಹೇಳಿದ್ಲು. ಕ್ರೋಮ್‌ಬುಕ್ಕಲ್ಲಿ ಸ್ಕ್ರೋಲ್ ಲಾಕ್ ಬಿಡಿ, ಡಿಲೀಟ್ ಕೀನೂ ಇಲ್ಲ, ಕ್ಯಾಪ್ಸ್ ಲಾಕ್ ಇರ್ಬೇಕಾದ ಜಾಗದಲ್ಲಿ ಭೂತಗನ್ನಡಿ ಚಿತ್ರದ ಸರ್ಚ್ ಕೀ ಇದೆ.

ಅದಕ್ಕೇ ಕೀಡಿ ಅನ್ನೋ ಪ್ರೋಗ್ರಾಮು. ಸೋರ್ಸ್ ಇಳಿಸಿ ಎರಡು ಕಮ್ಯಾಂಡಲ್ಲಿ ಕಂಪೈಲ್ ಮಾಡ್ಕೊಂಡೆ, ಒಂದು ಫೈಲಲ್ಲಿ ಒಂದು ಸಾಲು ಬರೆದೆ, ಸರ್ಚ್ ಕೀ ಒತ್ತಿದ್ರೆ ಸ್ಕ್ರೋಲ್ ಲಾಕ್ ಅಂತ ಕಳಿಸು ಅಂತ. ಆಲ್ಟ್ ಜೊತೆ ಬ್ಯಾಕ್‌ಸ್ಪೇಸ್ ಒತ್ತಿದ್ರೆ ಡಿಲೀಟ್, ಇನ್ನೊಂದು ಸಾಲು. ಎಫ್‌ಸಿಐಟಿಎಕ್ಸ್5 ಅನ್ನೋ ಭಾಷೆ ಟೈಪ್ ಮಾಡಿಸೋ ಪ್ರೋಗ್ರಾಮು ಹಾಕಿ, ಎಂ17ಎನ್ ಅನ್ನೋ ಲೇಔಟ್ ಸಂಗ್ರಹದಿಂದ ಕೆಜಿಪಿ ಲೇಔಟ್ ಸೇರಿಸಿ, ಭಾಷೆ ಬದಲಾಯಿಸೋ ಕೀ ಸ್ಕ್ರೋಲ್ ಲಾಕ್ ಅಂತ ಕೊಟ್ಟೆ. ಕೆಜಿಪಿ ಅಂದ್ರೆ ನುಡಿಯ ಅದೇ ಕೀಲಿಮಣೆ, ಎಫ್ ಒತ್ತಿದ್ರೆ ಒತ್ತಕ್ಷರ ಮಾಡೋ ಕೊಂಡಿ, ಡಬ್ಲ್ಯೂ ಒತ್ತಿದ್ರೆ ಡ. ಕೆ, ಎನ್, ಎಫ್, ಎನ್, ಡಬ್ಲ್ಯೂ. ಕನ್ನಡ. ಸರ್ಚ್ ಕೀ ಮೇಲೆ ಬಿಳೀ ಟೇಪ್ ಅಂಟಿಸಿ "ಸ್ಕ್ರೋ" ಅಂತ ಬರೆದೆ. ಎಡಗೈಗೆ ಬಂತಲ್ಲೋ ಅಂತ ಒಂದು ದಿನ ಗೊಣಗಿದ್ರು, ಎರಡನೇ ದಿನ ಫೋನ್ ಮಾಡ್ಲಿಲ್ಲ.

ಹಳೇ ಪೆನ್‌ಡ್ರೈವಲ್ಲಿದ್ದ ಅವರ ನುಡಿ ಫೈಲುಗಳು ಲಿಬ್ರೆ ಆಫೀಸಲ್ಲಿ ತೆರೆದ್ರೆ ಪೌಂಡ್ ಚಿಹ್ನೆ, ಟೋಪಿ ಹಾಕಿರೋ ಎ, ಹಿಂಗೆ ಬರ್ತಿತ್ತು. ಅವು ಯೂನಿಕೋಡ್ (ಎಲ್ಲಾ ಕಂಪ್ಯೂಟರಲ್ಲೂ ಒಂದೇ ಆಗಿರೋ ಅಕ್ಷರ ಸಂಕೇತ) ಅಲ್ಲ, ನುಡಿ ಫಾಂಟ್ ಇದ್ರೆ ಮಾತ್ರ ಕನ್ನಡ ಥರ ಕಾಣೋ ಇಂಗ್ಲಿಷ್ ಅಕ್ಷರಗಳು. ಆಸ್ಕಿಯಿಂದ ಯೂನಿಕೋಡ್ ಮಾಡೋ ಕನ್ವರ್ಟರ್‌ಗೆ ಹಾಕಿ ಒಂದೊಂದಾಗಿ ತಂದೆ, ಫಾಂಟಿಗೆ ಡೆಬಿಯನ್ನಿನಲ್ಲೇ ಸಿಗೋ ಗುಬ್ಬಿ, ನವಿಲು, ಲೋಹಿತ್. ಅಪ್ಪಂಗೆ ಗುಬ್ಬಿ ಹಿಡಿಸ್ತು.

ಆಮೇಲೆ ಪವರ್ ಕೀ. ಇದರಲ್ಲಿ ಪವರ್ ಕೀ ಬೇರೆ ಎಲ್ಲೂ ಇಲ್ಲ, ಬ್ಯಾಕ್‌ಸ್ಪೇಸಿನ ನೆತ್ತಿ ಮೇಲೇ ಇದೆ. ಅಳಿಸಕ್ಕೆ ಹೋದಾಗ ಎರಡು ಸಲ ಮಿಷಿನ್ನೇ ಆಫ್ ಆಯ್ತಂತೆ. ಸಿಸ್ಟಮ್‌ಡಿ ಲಾಗಿನ್ ಸೆಟ್ಟಿಂಗಲ್ಲಿ ಪವರ್ ಕೀನ ಕಡೆಗಣಿಸು ಅಂತ ಹಾಕಿ, ಎಲ್‌ಎಕ್ಸ್‌ಕ್ಯೂಟಿ ಪವರ್ ಸೆಟ್ಟಿಂಗಲ್ಲೂ ಏನೂ ಮಾಡ್ಬೇಡ ಅಂತ ಕೊಟ್ಟೆ, ಎರಡೂ ಕಡೆ ಮಾಡ್ಬೇಕು.

ಹೊಲದ ಹೆಸರುಗಳು ಈಗ 64 ಪುಟ ಆಗಿದೆ. ಹೋದ ವಾರ ಮತ್ತೆ ಫೋನು, ರ್‍ಯಾಂಕ್ ಅಂತ ಹೊಡೆದ್ರೆ ಅರ್ಕಾವತ್ತು ಬಂದು ಬೇರೇನೋ ಆಗುತ್ತೆ ಅಂತ. ರ ಮತ್ತೆ ಯ ನಡುವೆ ಕಣ್ಣಿಗೆ ಕಾಣದ ಒಂದು ಜೋಡಿಸೋ ಅಕ್ಷರ ಹಾಕ್ಬೇಕು, ಅದನ್ನ ಫೋನಲ್ಲಿ ಅವರಿಗೆ ವಿವರಿಸೋಕೆ ಹೋಗ್ಲಿಲ್ಲ. ಲಿಬ್ರೆ ಆಫೀಸಿನ ಆಟೋಕರೆಕ್ಟಲ್ಲಿ ತಪ್ಪು ರೂಪ ಹೊಡೆದ್ರೆ ಸರಿ ರೂಪ ಬರೋ ಹಾಗೆ ಸೇರಿಸಿ ಕೊಟ್ಟೆ. ಹೊಲದ ಹೆಸರಿನ ಪುಸ್ತಕದಲ್ಲಿ ರ್‍ಯಾಂಕ್ ಯಾಕಪ್ಪಾ ಬೇಕು ಅಂದ್ರೆ, "ಆ ಹೊಲ ಮಾರಿ ಮಗನ್ನ ಓದಿಸಿದ್ರು ಕಣೋ, ಅವನಿಗೆ ರ್‍ಯಾಂಕ್ ಬಂತು, ಅವತ್ತಿಂದ ಅದನ್ನ ರ್‍ಯಾಂಕ್ ಹೊಲ ಅಂತಾರೆ" ಅಂದ್ರು.