ಗನ್ ಕಂಪನಿ ಮೇಲೆ ಕೇಸ್ ಹಾಕಕ್ಕಾಗುತ್ತಾ? ಅಮೆರಿಕದಲ್ಲಿರೋ ನಮ್ಮೋರಿಗೆ

ಇಲ್ಲೆಲ್ಲಾದ್ರೂ ಗುಂಡಿನ ದಾಳಿ ಆದ್ರೆ ಸಾಕು, ಊರಿಂದ ಅಮ್ಮ ಫೋನ್ ಮಾಡಿ ಕೇಳೋದು ಒಂದೇ, ಆ ಬಂದೂಕು ಮಾಡಿ ಮಾರಿದೋರ್ನ ಯಾರೂ ಕೇಳೋರಿಲ್ವಾ ಅಂತ. ಕೇಳ್ಬೋದು, ಆದ್ರೆ ದಾರಿ ತುಂಬಾ ಕಿರಿದು.

2005ರಲ್ಲಿ ಬುಷ್ ಸಹಿ ಹಾಕಿದ ಪಿಎಲ್‌ಸಿಎಎ ಅನ್ನೋ ಫೆಡರಲ್ ಕಾನೂನಿದೆ. ಗನ್ ಸರಿಯಾಗೇ ಇದ್ದು ಬೇರೆ ಯಾರೋ ಅದ್ರಿಂದ ಕೊಲೆ ಮಾಡಿದ್ರೆ, ತಯಾರಿಸಿದೋರು ಮಾರಿದೋರು ಇಬ್ಬರ ಮೇಲೂ ಸಾಮಾನ್ಯವಾಗಿ ಪರಿಹಾರದ ಕೇಸ್ ನಿಲ್ಲಲ್ಲ. ಬಚಾವಾಗದ ಸಂದರ್ಭಗಳೂ ಇವೆ: ಗನ್ನಲ್ಲೇ ಡಿಫೆಕ್ಟ್ ಇದ್ರೆ, ತಗೊಳ್ಳೋನು ಅಪಾಯ ಅಂತ ಗೊತ್ತಿದ್ದೂ ಅಂಗಡಿಯೋನು ಕೊಟ್ಟಿದ್ರೆ, ಮಾರಾಟ ಇಲ್ಲಾ ಜಾಹೀರಾತಿನ ಕಾನೂನನ್ನ ಗೊತ್ತಿದ್ದೇ ಮುರಿದಿದ್ರೆ.

ಜಾಹೀರಾತಿನ ದಾರಿ ತೆರೆದಿದ್ದು ಸ್ಯಾಂಡಿ ಹುಕ್ ಕುಟುಂಬಗಳು. 2012ರ ಡಿಸೆಂಬರ್ 14, ಕನೆಕ್ಟಿಕಟ್‌ನ ಸ್ಯಾಂಡಿ ಹುಕ್ ಶಾಲೆ, ಒಬ್ಬ ಗುಂಡು ಹಾರಿಸಿ ಕೊಂದಿದ್ದು 20 ಪುಟ್ಟ ಮಕ್ಕಳು, 6 ಜನ ದೊಡ್ಡೋರನ್ನ. ಅವನು ಬಳಸಿದ ರೈಫಲ್‌ನ ಜಾಹೀರಾತಲ್ಲಿ ಒಂದು ಬಂದೂಕಿನ ಚಿತ್ರ, ಜೊತೆಗೆ ಇದನ್ನ ತಗೊಂಡ್ರೆ ನಿನ್ನ ಗಂಡಸ್ತನದ ಕಾರ್ಡ್ ವಾಪಸ್ ಸಿಕ್ಕಂಗೆ ಅನ್ನೋ ಅರ್ಥದ ಸಾಲು. ಹುಡುಗರಿಗೆ ಹೀಗೆ ಮಾರೋದು ರಾಜ್ಯದ ವ್ಯಾಪಾರ ಕಾನೂನಿಗೆ ವಿರುದ್ಧ ಅಂತ ಒಂಬತ್ತು ಕುಟುಂಬಗಳು ಅದನ್ನ ತಯಾರಿಸಿದ ರೆಮಿಂಗ್ಟನ್ ಕಂಪನಿ ಮೇಲೆ ಕೋರ್ಟಿಗೆ ಹೋದ್ವು, 2019ರಲ್ಲಿ ಕನೆಕ್ಟಿಕಟ್ ರಾಜ್ಯದ ಸುಪ್ರೀಂ ಕೋರ್ಟ್ ಕೇಸ್ ನಡೀಲಿ ಅಂತು, 2022ರಲ್ಲಿ 7.3 ಕೋಟಿ ಡಾಲರ್‌ಗೆ ರಾಜಿ ಆಯ್ತು, ದುಡ್ಡು ಕೊಟ್ಟಿದ್ದು ಇನ್ಶೂರೆನ್ಸ್ ಕಂಪನಿಗಳು. ಏಳು ವರ್ಷ ದಾಟಿದ ಹೋರಾಟ ಅದು.

ಸೋತೋರ ಕಥೆಯೂ ಗೊತ್ತಿರ್ಲಿ. ಕೊಲೊರಾಡೋದ ಥಿಯೇಟರ್ ಮೇಲಿನ ಗುಂಡಿನ ದಾಳೀಲಿ ಮಗಳನ್ನ ಕಳ್ಕೊಂಡ ಅಪ್ಪ ಅಮ್ಮ ಬಂದೂಕಿನ ಗುಂಡು ಮಾರಿದೋರ ಮೇಲೆ ಕೇಸ್ ಹಾಕಿ ಸೋತ್ರು, ಎದುರಿನೋರ ಲಾಯರ್ ಖರ್ಚು ಎರಡು ಲಕ್ಷ ಡಾಲರ್ ನೀವೇ ಕೊಡಿ ಅಂತ ಕೋರ್ಟ್ ಹೇಳ್ತು. ಇದನ್ನ ಓದಿದ ದಿನ ನಂಗೆ ಊಟ ಸೇರ್ಲಿಲ್ಲ.

ಅದಕ್ಕೇ ನೀವು ಯಾವ ಸ್ಟೇಟಲ್ಲಿದೀರಿ ಅನ್ನೋದು ಮುಖ್ಯ. ನ್ಯೂಯಾರ್ಕ್ 2021ರಲ್ಲಿ, ಆಮೇಲೆ ಕ್ಯಾಲಿಫೋರ್ನಿಯಾ, ನ್ಯೂಜೆರ್ಸಿ, ಇಲಿನಾಯ್ ಎಲ್ಲ ಗನ್ ಉದ್ಯಮದ ಮೇಲೆ ಕೇಸ್ ಹಾಕೋಕೆ ತಮ್ಮದೇ ಕಾನೂನು ಮಾಡ್ಕೊಂಡಿವೆ.

ಪೆಟ್ಟು ಬಿದ್ದ ಮನೆಯೋರು ಮೊದ್ಲು ಮಾಡ್ಬೇಕಾದ್ದು ಬೇರೆ. ಪೊಲೀಸ್ ರಿಪೋರ್ಟ್ ನಂಬರ್ ಇಟ್ಕೊಳ್ಳಿ, ಆಸ್ಪತ್ರೆ ಬಿಲ್ ಒಂದೂ ಬಿಸಾಕಬೇಡಿ, ಸ್ಟೇಟ್‌ನ ಅಪರಾಧಕ್ಕೆ ಬಲಿಯಾದೋರಿಗೆ ಪರಿಹಾರ ಕೊಡೋ ಕ್ರೈಮ್ ವಿಕ್ಟಿಮ್ ಕಾಂಪನ್ಸೇಶನ್‌ಗೆ ಅರ್ಜಿ ಹಾಕಿ. ಲಾಯರ್ ಹತ್ರ ಬೇಗ ಹೋಗಿ, ಎಷ್ಟೋ ಸ್ಟೇಟಲ್ಲಿ ಕೇಸ್ ಹಾಕೋಕೆ ಎರಡೇ ವರ್ಷ ಗಡುವು, ಆ ಗನ್ ಯಾವ ಅಂಗಡಿಯಿಂದ ಬಂತು ಅಂತ ಮೊದಲ ದಿನಾನೇ ಕೇಳಿ.